ಹಿಂದಿನ ಸೀಟಿನ ಎರಡು ಸ್ಕ್ರೀನು, ಮೂರು ವರ್ಷದ ನಂತರ

ಕಾರಿನ ಹೆಡ್‌ರೆಸ್ಟ್ ಹಿಂದೆ ಎರಡು ಸ್ಕ್ರೀನ್ ಹಾಕಿಸಿ ಮೂರು ವರ್ಷ ತುಂಬಿತು. ಹಾಕಿಸಿದ ವಾರವೇ ಬರೆದಿದ್ದರೆ ಐದಕ್ಕೆ ಐದು ಕೊಟ್ಟುಬಿಡುತ್ತಿದ್ದೆ. ಆರನೇ ತಿಂಗಳಲ್ಲಿ ಬರೆದಿದ್ದರೆ ಒಂದು. ಈಗ ಮೂರೂವರೆ. ಕಳೆದುಹೋದ ಒಂದೂವರೆ ಅಂಕದಲ್ಲಿ ಸ್ಕ್ರೀನಿನ ಪಾಲು ಅರ್ಧವೂ ಇಲ್ಲ, ಮಿಕ್ಕಿದ್ದೆಲ್ಲ ಅದಕ್ಕೆ ಎಳೆದ ವೈರಿನದು. ಕೊಳ್ಳುವ ಮುಂಚೆ ಹದಿನೈದು ದಿನ ಕೂತು ನಾನು ಹೋಲಿಸಿದ್ದು ಎಷ್ಟು ಇಂಚು, ಎಷ್ಟು ರೆಸಲ್ಯೂಷನ್, ರಿಮೋಟ್ ಇದೆಯೇ ಇಲ್ಲವೇ ಅಂತ. ಕರೆಂಟ್ ಎಲ್ಲಿಂದ ತಗೋತೀರಿ, ವೈರು ಎಲ್ಲಿ ಹಾಯುತ್ತೆ ಅಂತ ಒಂದು ಮಾತೂ ಕೇಳಿರಲಿಲ್ಲ.

ಆಗ ಮಗಳಿಗೆ ಎಂಟು, ಮಗನಿಗೆ ನಾಲ್ಕು. ಮೂರು ಗಂಟೆ ಮೀರಿದ ಪ್ರಯಾಣವೆಂದರೆ ಹಿಂದಿನ ಸೀಟು ರಣರಂಗ. ಮೊದಲು ಯೋಚಿಸಿದ್ದು ಟ್ಯಾಬ್ಲೆಟ್. ಆದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಸಿ 50 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಐಪ್ಯಾಡ್ ಬಳಸಲು ಅದರ ತಯಾರಕರೇ ಹೇಳುವ ಮಿತಿ 0ರಿಂದ 35 ಡಿಗ್ರಿ, ಸುಮ್ಮನೆ ಇಡಲು 45. ಪ್ರತಿ ಸಲ ಇಳಿಯುವಾಗ ಕಳಚಿ ಕೈಯಲ್ಲಿ ಹಿಡಿದು ಹೋಗಬೇಕು, ಇಲ್ಲವಾದರೆ ಲಿಥಿಯಂ ಬ್ಯಾಟರಿ ಬೇಯುತ್ತದೆ. ಚಾವಣಿಯಿಂದ ಕೆಳಗೆ ಮಡಚಿ ಬಿಚ್ಚುವ ದೊಡ್ಡ ಸ್ಕ್ರೀನ್ ಚೆಂದವೇ. ಅದಕ್ಕೆ ಚಾವಣಿಯ ಬಟ್ಟೆ ಕತ್ತರಿಸಬೇಕು, ಹಿಂದಿನ ಗಾಜು ಕನ್ನಡಿಯಲ್ಲಿ ಅರ್ಧ ಮುಚ್ಚಿಹೋಗುತ್ತದೆ. ಹೆಡ್‌ರೆಸ್ಟನ್ನೇ ಬದಲಿಸಿ ಒಳಗೆ ಸ್ಕ್ರೀನ್ ಕೂರಿಸಿದ್ದು ಇನ್ನೊಂದು ಬಗೆ. ಹಿಂದಿನಿಂದ ಗುದ್ದಿದಾಗ ಕತ್ತು ಉಳಿಸುವುದಕ್ಕೆಂದೇ ಹೆಡ್‌ರೆಸ್ಟ್ ಇರುವುದು, ಆ ಜಾಗದಲ್ಲಿ ಯಾರೋ ಮಾಡಿದ ಸ್ಪಂಜಿನ ಡಬ್ಬ ಇಡಲು ಮನಸ್ಸಾಗಲಿಲ್ಲ. ಕೊನೆಗೆ ಉಳಿದದ್ದು ಹೆಡ್‌ರೆಸ್ಟಿನ ಎರಡು ಕಂಬಿಗೆ ಕ್ಲಾಂಪ್ ಹಾಕಿ ಹಿಂದೆ ತೂಗುಹಾಕುವ 10.1 ಇಂಚಿನ ಜೋಡಿ. ಒಳಗೆ ಬ್ಯಾಟರಿ ಇಲ್ಲ, ಕಾರಿನ 12 ವೋಲ್ಟೇ ಗತಿ.

ಹಾಕುವ ದಿನ ನಾನು ಅಲ್ಲೇ ನಿಂತಿದ್ದೆ. ಒಂದು ವಿಷಯ ಮಾತ್ರ ಮೊದಲೇ ಹೇಳಿದ್ದೆ: ಮುಂದಿನ ಸೀಟಿನ ಕೆಳಗಿರುವ ಹಳದಿ ಕಪ್ಲರ್ (ಎರಡು ವೈರು ಸೇರಿಸುವ ಪ್ಲಗ್) ಮುಟ್ಟಬೇಡಿ. ಸೀಟಿನ ಪಕ್ಕದಿಂದ ಬಿಚ್ಚಿಕೊಳ್ಳುವ ಏರ್‌ಬ್ಯಾಗಿನ ವೈರು ಅದು. ಇಗ್ನಿಷನ್ ಆನ್ ಇರುವಾಗ ಅದನ್ನು ಎಳೆದರೆ ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಿ ಕೂರುತ್ತದೆ, ಸಾಮಾನ್ಯವಾಗಿ ಸ್ಕ್ಯಾನರ್ ಹಾಕಿಯೇ ಆರಿಸಬೇಕು. ಸೀಟಿನ ಹೊರ ಪಕ್ಕದ ಹೊಲಿಗೆಯ ಹತ್ತಿರವೂ ವೈರು ಬರಕೂಡದು, ಏರ್‌ಬ್ಯಾಗ್ ಹರಿದು ಹೊರಬರುವುದು ಅಲ್ಲಿಂದಲೇ. ಅವರು ಬ್ಯಾಟರಿಯ ನೆಗೆಟಿವ್ ಕಳಚಿ, ಸ್ವಲ್ಪ ಹೊತ್ತು ಬಿಟ್ಟು ಕೆಲಸ ಶುರು ಮಾಡಿದರು. ಸರಿಯಾಗೇ ಮಾಡಿದರು. ಅದೊಂದನ್ನು ನೋಡಿ ಮಿಕ್ಕಿದ್ದೂ ಹೀಗೇ ಇರುತ್ತೆ ಅಂದುಕೊಂಡೆ. ಎರಡು ಗಂಟೆಯಲ್ಲಿ ಮುಗಿಯಿತು. ಮಕ್ಕಳ ಮುಖ ನೋಡಬೇಕಿತ್ತು.

ಮೂರನೇ ತಿಂಗಳಲ್ಲಿ ಒಂದು ದಿನ ನನ್ನವಳು ಗಾಡಿ ಓಡಿಸಲು ಕೂತು ಸೀಟನ್ನು ಮುಂದೆ ಎಳೆದುಕೊಂಡಳು. "ಟಕ್" ಅಂತ ಸಣ್ಣ ಸದ್ದು, ಎರಡೂ ಸ್ಕ್ರೀನ್ ಕಪ್ಪು. ಹಿಂದಿನಿಂದ "ಅಪ್ಪಾ, ಹೋಯ್ತು!" ಅಂತ ಕೂಗು. ಗಾಡಿ ಬದಿಗೆ ಹಾಕಿ ಬಾಗಿಲು ತೆಗೆದರೆ ಒಳಗಿನ ಲೈಟೂ ಹತ್ತಲಿಲ್ಲ. ಮನೆಗೆ ಬಂದು ಮ್ಯಾಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದೆ. ಸೀಟು ಜಾರುವ ಹಳಿಯ ಮೇಲೆಯೇ ವೈರು ಅಡ್ಡ ಹಾಯ್ದಿತ್ತು. ಸೀಟು ಹಿಂದೆ ಮುಂದೆ ಆದಾಗಲೆಲ್ಲ ಹಳಿಯ ಅಂಚು ಅದನ್ನು ಒಂದೇ ಜಾಗದಲ್ಲಿ ಕಚ್ಚಿ ಕಚ್ಚಿ, ಪ್ಲಾಸ್ಟಿಕ್ ಹೊದಿಕೆ ಸವೆದು, ಬೆರಳಿನ ಉಗುರಿನಷ್ಟು ಉದ್ದ ತಾಮ್ರ ಹೊಳೆಯುತ್ತಿತ್ತು. ಹಳಿ ಬೋಲ್ಟ್ ಆಗಿರುವುದು ಬಾಡಿಗೆ, ಕಾರಿನಲ್ಲಿ ಬಾಡಿಯೇ ಅರ್ಥ್, ಅಂದರೆ ಬ್ಯಾಟರಿಯ ನೆಗೆಟಿವ್ ಸೇರಿರುವ ಜಾಗ. ತಾಮ್ರ ಹಳಿಗೆ ತಾಗಿದ ಕ್ಷಣ ಶಾರ್ಟ್ ಆಗಿ, ಒಳಗಿನ ಲೈಟಿನ ಫ್ಯೂಸ್ ಸುಟ್ಟಿದೆ.

ಆ ಕಿಟ್ ಜೊತೆ 5 ಆಂಪಿಯರಿನ ಒಂದು ಪುಟ್ಟ ಫ್ಯೂಸ್ ಬಂದಿತ್ತು. ಅದನ್ನು ಸ್ಕ್ರೀನಿನ ಹತ್ತಿರ, ಸೀಟಿನ ಬೆನ್ನಿನಲ್ಲಿ ಇಟ್ಟಿದ್ದರು. ಶಾರ್ಟ್ ಆದದ್ದು ಅದಕ್ಕಿಂತ ಮೊದಲಿನ ವೈರಿನಲ್ಲಿ, ಹಾಗಾಗಿ ಅದು ಇದ್ದೂ ಇಲ್ಲದಂತೆ. ಫ್ಯೂಸ್ ಇರುವುದು ಸಾಮಾನಿಗಿಂತ ಹೆಚ್ಚಾಗಿ ವೈರಿನ ಸಲುವಾಗಿ, ಆದ್ದರಿಂದ ಅದು ಕರೆಂಟ್ ಹೊರಡುವ ಜಾಗದಲ್ಲೇ ಇರಬೇಕು. ಕಾರಿನ ಫ್ಯೂಸ್ ಸುಡದೆ ಹೋಗಿದ್ದರೆ ಸೀಟಿನ ಕೆಳಗಿನ ಕಾರ್ಪೆಟ್ ಸುಡುತ್ತಿತ್ತು. ವೈರನ್ನು ಹಳಿಯಿಂದ ತಪ್ಪಿಸಿ, ಬಾಗಿಲ ಹೊಸಿಲಿನ ಪಟ್ಟಿಯ ಕೆಳಗೆ ಎಳೆದು, ಸುಕ್ಕು ಸುಕ್ಕಾದ ಪ್ಲಾಸ್ಟಿಕ್ ಕೊಳವೆಯೊಳಗೆ ತೂರಿಸಿ, ಸೀಟು ಪೂರ್ತಿ ಮುಂದೆ ಹೋದರೂ ಎಳೆಯದಷ್ಟು ಸಡಿಲ ಬಿಟ್ಟು ನಾನೇ ಕಟ್ಟಿದೆ. ಫ್ಯೂಸನ್ನೂ ಮುಂದಕ್ಕೆ ತಂದೆ. ಕೆಲಸ ಮುಗಿಯಿತು ಅಂದುಕೊಂಡೆ.

ಅನುಮಾನ ಆಗಲೇ ಬರಬೇಕಿತ್ತು. ಕೀ ತೆಗೆದರೂ ಹತ್ತುವ ಲೈಟಿನ ಫ್ಯೂಸಿನಿಂದ ಸ್ಕ್ರೀನಿಗೆ ಕರೆಂಟ್ ಯಾಕೆ?

ಅದಕ್ಕೆ ಉತ್ತರ ಸಿಕ್ಕಿದ್ದು ಆರನೇ ತಿಂಗಳಲ್ಲಿ. ಒಂಬತ್ತು ದಿನ ಕಾರು ನಿಂತಿತ್ತು. ವಾಪಸು ಬಂದು ರಿಮೋಟ್ ಒತ್ತಿದರೆ ಲಾಕ್ ತೆರೆಯಲಿಲ್ಲ. ಕೀ ಹಾಕಿ ತೆಗೆದು ತಿರುಗಿಸಿದರೆ ಕಟ ಕಟ ಅಂದು ಸುಮ್ಮನಾಯಿತು. ಜಂಪ್ ಕೊಟ್ಟು ಓಡಿಸಿದೆವು. ಬ್ಯಾಟರಿ ಹಳತಾಗಿರಬೇಕು ಅಂತ ಎಲ್ಲರೂ ಅಂದರು, ನನಗೂ ಹಾಗೇ ಅನ್ನಿಸಿತು. ಆದರೂ ಬದಲಿಸುವ ಮುಂಚೆ ಮಲ್ಟಿಮೀಟರ್ ತಂದೆ.

ಇದನ್ನು ಯಾರು ಬೇಕಾದರೂ ಮಾಡಬಹುದು, ಸ್ವಲ್ಪ ಹುಷಾರಿರಬೇಕು ಅಷ್ಟೇ. ಬಾನೆಟ್ ತೆಗೆದಿಟ್ಟು, ಬಾಗಿಲೆಲ್ಲ ಮುಚ್ಚಿ ಲಾಕ್ ಮಾಡಿ, ಮೀಟರನ್ನು 10 ಆಂಪಿಯರಿನ ತೂತಿಗೆ ಹಾಕಿ, ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಕಳಚಿದ ಕೇಬಲ್ಲಿಗೂ ನಡುವೆ ಸೇರಿಸಬೇಕು. ಮೀಟರ್ ನಡುವೆ ಇರುವಾಗ ಸ್ಟಾರ್ಟ್ ಮಾಡಲು ಹೋದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಸೇರಿಸಿದ ಕೂಡಲೇ ಕಾಣುವ ಅಂಕಿ ನಂಬಬಾರದು. ಕಾರಿನ ಕಂಪ್ಯೂಟರುಗಳು ಮಲಗಲು ಅರ್ಧ ಗಂಟೆ ಬೇಕಾಗಬಹುದು. ಕಾದೆ. 200 ಮಿಲಿಆಂಪಿಯರಿಗೆ ಬಂದು ನಿಂತಿತು. ನಿಂತ ಕಾರು ಎಳೆಯುವುದು 50ರ ಒಳಗಿದ್ದರೆ ಸರಿ ಅನ್ನುವುದು ಎಲೆಕ್ಟ್ರಿಷಿಯನ್‌ಗಳ ರೂಢಿ. ಸ್ಕ್ರೀನಿನ ಫ್ಯೂಸ್ ಕಿತ್ತೆ. 30ಕ್ಕೆ ಇಳಿಯಿತು.

ಅಂದರೆ 170 ಮಿಲಿಆಂಪಿಯರ್ ಸ್ಕ್ರೀನುಗಳದ್ದೇ. ಪರದೆ ಕಪ್ಪಾಗಿದ್ದರೂ ಒಳಗಿನ ಸರ್ಕ್ಯೂಟ್ ರಿಮೋಟಿಗಾಗಿ ಕಣ್ಣು ಬಿಟ್ಟುಕೊಂಡೇ ಕೂತಿರುತ್ತಿತ್ತು. ಸಣ್ಣದೆನಿಸುತ್ತೆ, ಲೆಕ್ಕ ಹಾಕಿ ನೋಡಿ. ಒಟ್ಟು 200 ಮಿಲಿ ಅಂದರೆ ದಿನಕ್ಕೆ 4.8 ಆಂಪಿಯರ್-ಅವರ್, ಒಂಬತ್ತು ದಿನಕ್ಕೆ 43. ನಮ್ಮ ಬ್ಯಾಟರಿ 45ರದು. ದಿನಾ ಓಡುತ್ತಿದ್ದಾಗ ಆಲ್ಟರ್ನೇಟರ್ ತುಂಬಿಸಿಬಿಡುತ್ತಿತ್ತು, ಅದಕ್ಕೇ ಆರು ತಿಂಗಳು ಗೊತ್ತಾಗಲಿಲ್ಲ.

ಕಿಟ್ಟಿನಲ್ಲಿ ಮೂರು ವೈರು ಇದ್ದವು. ಕಾರ್ ಆಡಿಯೋದಲ್ಲಿ ಹಳದಿ ಅಂದರೆ ಸದಾ ಬ್ಯಾಟರಿಗೆ ಸೇರಿದ್ದು, ನೆನಪು ಉಳಿಸಿಕೊಳ್ಳಲು. ಕೆಂಪು ಅಂದರೆ ಕೀ ತಿರುಗಿಸಿದಾಗ ಮಾತ್ರ ಬರುವ ಆಕ್ಸೆಸರಿ ಲೈನು. ಕಪ್ಪು ಅರ್ಥ್. ಹಾಕಿದವರು ಕೆಂಪು ಹಳದಿ ಎರಡನ್ನೂ ಒಟ್ಟಿಗೆ ಹೊಸೆದು, ಟೇಪ್ ಸುತ್ತಿ, ಒಳಗಿನ ಲೈಟಿನ ಲೈನಿಗೆ ಸೇರಿಸಿದ್ದರು. ಹತ್ತಿರ ಸಿಕ್ಕಿದ್ದು ಅದು. ಫೋನ್ ಮಾಡಿ ಕೇಳಿದರೆ "ಸಾರ್, ಕೀ ಇಲ್ಲದೆಯೂ ಮಕ್ಕಳು ನೋಡಬಹುದಲ್ಲ, ಅದಕ್ಕೆ" ಅಂದರು. ಏನು ಹೇಳೋಣ. ಕೆಂಪನ್ನು ಬೇರೆ ಮಾಡಿ, ಫ್ಯೂಸ್ ಬಾಕ್ಸಿನಲ್ಲಿ ಆಕ್ಸೆಸರಿ ಜಾಗಕ್ಕೆ ಫ್ಯೂಸ್ ಟ್ಯಾಪ್ (ಫ್ಯೂಸಿನ ಜಾಗದಿಂದಲೇ ಇನ್ನೊಂದು ಲೈನ್ ತೆಗೆಯುವ ಪಿನ್ನು) ಹಾಕಿ ಅದಕ್ಕೆ ಕೊಟ್ಟೆ. ಕಾರಿನ ಒಂದು ವೈರನ್ನೂ ಕತ್ತರಿಸುವ ಅಗತ್ಯ ಬರಲಿಲ್ಲ. ಮತ್ತೆ ಅಳೆದಾಗ 33. ಅದೇ ಬ್ಯಾಟರಿ ಆಮೇಲೆ ಎರಡು ವರ್ಷ ನಡೆಯಿತು. ಒಂದೇ ತೊಂದರೆ, ಸ್ಟಾರ್ಟ್ ಮಾಡುವ ಹೊತ್ತಲ್ಲಿ ಆಕ್ಸೆಸರಿ ಲೈನು ಕ್ಷಣ ಕಾಲ ಸಾಯುವುದರಿಂದ ಸ್ಕ್ರೀನ್ ಆರಿ ಮತ್ತೆ ಹತ್ತುತ್ತದೆ. ಹಳದಿ ವೈರಿನ ಪುಣ್ಯ, ನಿಂತ ಜಾಗದಿಂದಲೇ ಮುಂದುವರಿಯುತ್ತದೆ.

ಇನ್ನು ಸದ್ದಿನ ಕಥೆ. ಎರಡು ಸ್ಕ್ರೀನ್, ಎರಡು ಸ್ಪೀಕರ್, ಎರಡು ಬೇರೆ ಕಾರ್ಟೂನ್, ಮುಂದೆ ನಾವಿಬ್ಬರು. ಮೊದಲ ದಿನವೇ ಸ್ಪೀಕರಿಗೆ ಬಹಿಷ್ಕಾರ. ಕಿಟ್ ಜೊತೆ ಬಂದ ಇನ್‌ಫ್ರಾರೆಡ್ ಹೆಡ್‌ಫೋನಿಗೆ ಸ್ಕ್ರೀನ್ ನೇರ ಕಾಣುತ್ತಿರಬೇಕು. ಮಗ ದಿಂಬಿಗೆ ಒರಗಿದರೆ ಕೊರ್ರ್ ಅನ್ನುತ್ತಿತ್ತು, ಕಿಟಕಿಯಿಂದ ನೇರ ಬಿಸಿಲು ಬಿದ್ದರೂ ಅಷ್ಟೇ. ಬ್ಲೂಟೂತ್‌ನಲ್ಲಿ ತುಟಿ ಮುಂದೆ, ಮಾತು ಹಿಂದೆ. ಮಗಳಿಗೆ ಅದು ಸಹಿಸಲಾಗದು, ಮಗನಿಗೆ ಗೊತ್ತೇ ಆಗಲಿಲ್ಲ. ಕೊನೆಗೆ ನಿಂತದ್ದು ಹಳೇ ಕಾಲದ ವೈರಿನ ಹೆಡ್‌ಫೋನ್, 85 ಡೆಸಿಬಲ್‌ಗಿಂತ ಮೇಲೆ ಹೋಗದಂಥ ಮಕ್ಕಳದ್ದು. ಚಾರ್ಜ್ ಬೇಡ, ಜೋಡಣೆ ಬೇಡ. ಇಳಿಯುವ ಆತುರದಲ್ಲಿ ತಲೆಯಲ್ಲೇ ಇಟ್ಟುಕೊಂಡು ಹೊರಟು ಎರಡು ಪಿನ್ ಮುರಿದರು, ಅದೂ ಲೆಕ್ಕಕ್ಕೆ ಇರಲಿ.

ಚಿತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಬ್ಬದ ಮೇಲೆ 1080 ಅಂತ ದೊಡ್ಡದಾಗಿ ಬರೆದಿತ್ತು, ಪರದೆ ನಿಜಕ್ಕೂ 1024×600. ಅಂಥ ಫೈಲನ್ನು ಓದಬಲ್ಲದು ಅಂತ ಅದರ ಅರ್ಥವೇ ಹೊರತು ತೋರಿಸುತ್ತದೆ ಅಂತಲ್ಲ. ಮೂರು ವರ್ಷದಲ್ಲಿ ಮಕ್ಕಳು ಒಮ್ಮೆಯೂ ದೂರಿಲ್ಲ. ದೂರು ಬಂದದ್ದು ಪೆನ್‌ಡ್ರೈವಿನ ಮೇಲೆ. ಸ್ಕ್ರೀನಿಗೆ ಎಫ್‌ಎಟಿ32 ಅನ್ನುವ ಹಳೆಯ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ ಡ್ರೈವ್ ಮಾತ್ರ ಅರ್ಥವಾಗುತ್ತದೆ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಎಚ್.265 ಅನ್ನುವ ಹೊಸ ಬಗೆಯಲ್ಲಿ ಕುಗ್ಗಿಸಿದ ವಿಡಿಯೋ ಫೈಲ್ ಹಾಕಿದರೆ ಮಾತು ಕೇಳುತ್ತದೆ, ಚಿತ್ರ ಇಲ್ಲ. ಈಗ ಎಲ್ಲವನ್ನೂ ಅದಕ್ಕಿಂತ ಹಳೆಯ ಎಚ್.264ಕ್ಕೆ, 720ಕ್ಕೆ ಇಳಿಸಿ ತುಂಬಿಸುತ್ತೇನೆ. ಪ್ರಯಾಣದ ಹಿಂದಿನ ರಾತ್ರಿ ಹನ್ನೊಂದಕ್ಕೆ ಈ ಕೆಲಸ ನೆನಪಾಗುವುದು ಮಾತ್ರ ತಪ್ಪಿಲ್ಲ.

ವಾಂತಿಯ ಮಾತು ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಕಿವಿಯೊಳಗಿನ ಸಮತೋಲನದ ಅಂಗ "ನಾವು ತಿರುಗುತ್ತಿದ್ದೇವೆ" ಅನ್ನುತ್ತದೆ, ಪರದೆ ನೋಡುವ ಕಣ್ಣು "ಎಲ್ಲ ನಿಂತಿದೆ" ಅನ್ನುತ್ತದೆ. ಈ ಜಗಳಕ್ಕೆ ಹೊಟ್ಟೆ ಬಲಿ. ತೊಡೆ ಮೇಲಿನ ಫೋನಿಗಿಂತ ಕಣ್ಣಿನ ಮಟ್ಟದ ಪರದೆ ವಾಸಿ, ನಿಜ. ಆದರೂ ತಿರುವಿನ ರಸ್ತೆಯಲ್ಲಿ ಮಗಳು ಹತ್ತೇ ನಿಮಿಷದಲ್ಲಿ ಬೆಳ್ಳಗಾಗುತ್ತಿದ್ದಳು. ಮಗನಿಗೆ ಏನೂ ಆಗದು. ತಿರುವು ಶುರುವಾದರೆ ಇಬ್ಬರದ್ದೂ ಆಫ್ ಅಂತ ಮನೆಯಲ್ಲಿ ಕಾನೂನು ಮಾಡಿದೆವು, ಅವನ ಪ್ರಕಾರ ಅದು ಮಹಾ ಅನ್ಯಾಯ. ಪರದೆಯ ಎತ್ತರ ಮುಂದೆ ಕೂತವರ ಹೆಡ್‌ರೆಸ್ಟಿನ ಮೇಲೆ ನಿಂತಿರುತ್ತದೆ ಅನ್ನುವುದೂ ನೆನಪಿರಲಿ. ನಾನು ಓಡಿಸುವಾಗ ಏರಿಸಿದರೆ ಹಿಂದಿರುವವನು ಕತ್ತೆತ್ತಿ ನೋಡಬೇಕು. ಸೀಟು ಒರಗಿಸಿದರೆ ಪರದೆ ನೆಲ ನೋಡುತ್ತದೆ. ಕೋನ ಬದಲಿಸಲು ಬಾರದ ಕ್ಲಾಂಪ್ ಇರುವ ಮಾಡೆಲ್ ಬೇಡವೇ ಬೇಡ.

ರಾತ್ರಿ ಓಡಿಸುವವರಿಗೆ ಒಂದು ಮಾತು. ಸ್ಕ್ರೀನ್ ಹಿಂದಕ್ಕೆ ಮುಖ ಮಾಡಿರುವುದರಿಂದ ಚಾಲಕನಿಗೆ ಕಾಣುವುದಿಲ್ಲ ಅಂದುಕೊಂಡಿದ್ದೆ. ಅದರ ಬೆಳಕು ಹಿಂದಿನ ಗಾಜಿನಲ್ಲಿ ಪ್ರತಿಫಲಿಸಿ ನನ್ನ ಕನ್ನಡಿಗೇ ಬರುತ್ತದೆ. ಯಾರೋ ಬಣ್ಣದ ದೀಪ ಹಾಕಿಕೊಂಡು ಬೆನ್ನಿಗೇ ಬರುತ್ತಿದ್ದಾರೆ ಅಂತ ಮೊದಲ ಸಲ ಬೆಚ್ಚಿದ್ದೆ. ಬ್ರೈಟ್‌ನೆಸ್ ತೀರಾ ಕೆಳಗಿಳಿಸಿದರೆ ಪರವಾಗಿಲ್ಲ.

ಕ್ಲಾಂಪಿನ ಸ್ಕ್ರೂ ತಾನಾಗಿ ಸಡಿಲವಾಗುತ್ತದೆ. ಕೆಟ್ಟ ರಸ್ತೆಯಲ್ಲಿ ಗಡಗಡ ಸದ್ದು ಬಂದರೆ ಬೇರೆಲ್ಲೂ ಹುಡುಕಬೇಡಿ. ಜೋರಾಗಿ ಬ್ರೇಕ್ ಹಾಕಿದಾಗ, ಅದಕ್ಕಿಂತ ಕೆಟ್ಟದ್ದು ಆದಾಗ, ಸಡಿಲವಾಗಿರುವ ಸ್ಕ್ರೀನ್ ಮಗುವಿನ ಮುಖದ ಎದುರಿಗೇ ಇರುತ್ತದೆ ಅನ್ನುವುದು ನನ್ನ ತಲೆಯಿಂದ ಹೋಗಿಲ್ಲ. ತಿಂಗಳಿಗೊಮ್ಮೆ ಬಿಗಿ ಮಾಡುತ್ತೇನೆ, ಮಕ್ಕಳು ಬೆಲ್ಟ್ ಹಾಕುವ ತನಕ ಆನ್ ಮಾಡುವುದಿಲ್ಲ. ಗುದ್ದಿದಾಗ ತಾನೇ ಮುಂದಕ್ಕೆ ಬರುವ ಹೆಡ್‌ರೆಸ್ಟ್ ನಿಮ್ಮ ಕಾರಿನಲ್ಲಿದ್ದರೆ ಅದರ ಕಂಬಿಗೆ ಏನನ್ನೂ ಕಟ್ಟಬೇಡಿ.

ಈಗ ಮಗನ ಕಡೆಯ ಸ್ಕ್ರೀನ್ ದೀರ್ಘ ಪ್ರಯಾಣದಲ್ಲಿ ಮಾತ್ರ ಹತ್ತುತ್ತದೆ, ಕೆಳಗಿನ ಅಂಚಿನಲ್ಲಿ ಒಂದು ಹಸಿರು ಗೆರೆ ಬಂದಿದೆ. ಹನ್ನೊಂದಾದ ಮಗಳು ಕಿವಿಗೆ ಹಾಡು ಹಾಕಿಕೊಂಡು ಕಿಟಕಿಯಾಚೆ ನೋಡುತ್ತಾಳೆ. ಅವಳ ಸ್ಕ್ರೀನ್ ಐದು ತಿಂಗಳು ಯಾರೂ ಹಚ್ಚದೆ ಸುಮ್ಮನೆ ನೇತಾಡಿತು. ಕಳೆದ ವಾರ ಕಳಚಿ ಅಟ್ಟಕ್ಕೆ ಹಾಕಿದೆ. ಕಪ್ಲರಿನ ಬಾಯಿಗೆ ಇನ್ಸುಲೇಷನ್ ಟೇಪ್ ಸುತ್ತಿ ಸೀಟ್ ಕವರಿನ ಒಳಗೆ ತಳ್ಳಿದ್ದೇನೆ. ಯಾವತ್ತಾದರೂ ಮಗ ಆ ಕಡೆಯ ಸೀಟಿಗೆ ಜಾಗ ಬದಲಿಸಿದರೆ ಬೇಕಾದೀತು.