ವರ್ಷ ಮೊದಲೇ ಬುಕ್ ಮಾಡಿದ ಕ್ರೂಸಿಗೆ ಯಾವ ವಿಮೆ? ಮೂರು ಬಗೆಯ ಪಾಲಿಸಿಗಳ ವಿಮರ್ಶೆ

ಅಮೆರಿಕದಲ್ಲಿ ಕ್ರೂಸ್ ಕಂಪನಿಗಳು ವರ್ಷ, ಒಂದೂವರೆ ವರ್ಷ ಮೊದಲೇ ಕ್ಯಾಬಿನ್ ಮಾರಲು ಶುರುಮಾಡುತ್ತವೆ. ಮುಂದಿನ ಜೂನ್‌ನ ಅಲಾಸ್ಕಾ ಯಾನಕ್ಕೆ ಈ ಜುಲೈನಲ್ಲೇ ಡೆಪಾಸಿಟ್ ಕಟ್ಟುವ ಕನ್ನಡ ಕುಟುಂಬಗಳು ಬೇಕಾದಷ್ಟಿವೆ. ಬುಕಿಂಗ್‌ನ ಕೊನೆಯ ಪುಟದಲ್ಲಿ ಒಂದು ಪುಟ್ಟ ಚೌಕ: ಪ್ರಯಾಣ ರಕ್ಷಣೆ ಬೇಕೇ, ಬೇಡವೇ? ಕಣ್ಣುಮುಚ್ಚಿ ಟಿಕ್ ಮಾಡುವವರು ಕೆಲವರು, ಆಮೇಲೆ ನೋಡಿಕೊಂಡರಾಯಿತು ಎಂದು ಬಿಡುವವರು ಹಲವರು. ಇಬ್ಬರ ಕೈಯಿಂದಲೂ ಜಾರಿಹೋಗುವುದು ಒಂದೇ: ಮೊದಲ ಡೆಪಾಸಿಟ್ ಕಟ್ಟಿದ ದಿನದಿಂದ ಸಾಮಾನ್ಯವಾಗಿ 14ರಿಂದ 21 ದಿನಗಳೊಳಗೆ ಮಾತ್ರ ಸಿಗುವ ಸೌಲಭ್ಯಗಳು. ಯಾವ ಕಂಪನಿಯ ಪಾಲಿಸಿ ಅನ್ನುವುದಕ್ಕಿಂತ ಯಾವತ್ತು ಕೊಂಡಿರಿ ಅನ್ನುವುದೇ ಇಲ್ಲಿ ದೊಡ್ಡ ಮಾತು.

ಈ ವಿಮರ್ಶೆ ಮುಖ್ಯವಾಗಿ ಅಮೆರಿಕದ ನಿವಾಸಿಗಳಿಗೆ. ಬೆಂಗಳೂರಿನಿಂದ ಹೊರಡುವವರ ಲೆಕ್ಕ ಬೇರೆ, ಅದನ್ನು ಕೊನೆಯ ಭಾಗದಲ್ಲಿ ನೋಡೋಣ.

ಮೊದಲು, ನಿಜವಾಗಿ ಎಷ್ಟು ದುಡ್ಡು ಅಪಾಯದಲ್ಲಿದೆ?

ಏಳು ರಾತ್ರಿಯ ಯಾನಕ್ಕೆ ಪೂರ್ತಿ ಹಣ ಕಟ್ಟಬೇಕಾದ ಗಡುವು ಹೊರಡುವುದಕ್ಕೆ 75ರಿಂದ 120 ದಿನ ಮೊದಲು ಬರುತ್ತದೆ. 90 ದಿನ ಎನ್ನುವುದು ಸಾಮಾನ್ಯ. ಡೆಪಾಸಿಟ್ ವಾಪಸ್ ಬರುವ ದರದಲ್ಲಿ ಬುಕ್ ಮಾಡಿದ್ದರೆ ಆ ಗಡುವಿನವರೆಗೆ ರದ್ದು ಮಾಡಿದರೂ ಪೈಸೆ ನಷ್ಟವಿಲ್ಲ. ಗಡುವು ದಾಟಿತೋ, ದಂಡ ಮೆಟ್ಟಿಲು ಹತ್ತುತ್ತದೆ: ಮೊದಲು ಡೆಪಾಸಿಟ್‌ನಷ್ಟು, ಆಮೇಲೆ ಟಿಕೆಟ್ ದರದ ಶೇ. 50, ಶೇ. 75, ಕೊನೆಯ ವಾರಗಳಲ್ಲಿ ಪೂರ್ತಿ. ಈ ಪಟ್ಟಿ ಟಿಕೆಟ್ ಕರಾರಿನಲ್ಲೇ ಇರುತ್ತದೆ. ಅದನ್ನು ಮೊದಲು ಓದಿ, ವಿಮೆಯ ಜಾಹೀರಾತನ್ನು ಆಮೇಲೆ.

ವಾಪಸ್ ಬಾರದ ಡೆಪಾಸಿಟ್‌ನ ದರ ಅಗ್ಗ ಎಂದು ಆರಿಸಿಕೊಂಡಿದ್ದರೆ ಮೊದಲ ದಿನದಿಂದಲೇ ಆ ಮೊತ್ತ ಅಪಾಯದಲ್ಲಿದೆ. ವಿಮಾನ ಟಿಕೆಟ್, ಹಿಂದಿನ ರಾತ್ರಿಯ ಹೋಟೆಲ್, ಬೇರೆಯವರ ಬಳಿ ಕಾದಿರಿಸಿದ ಹೆಲಿಕಾಪ್ಟರ್ ಟೂರ್ ಇವೆಲ್ಲ ಬೇರೆ ಬೇರೆ ದಿನ ಸೇರಿಕೊಳ್ಳುತ್ತವೆ.

ಒಂದು: ಕ್ರೂಸ್ ಕಂಪನಿಯೇ ಮಾರುವ ಯೋಜನೆ

ಆ ಚೌಕದ ಹಿಂದಿರುವುದು ಇದು. ಇದರ ಒಳ್ಳೆಯ ಗುಣವನ್ನು ಮೊದಲು ಹೇಳಿಬಿಡಬೇಕು: ಹೆಚ್ಚಿನ ಕಡೆ ಬೆಲೆ ಟಿಕೆಟ್ ದರದ ಮೇಲೆ ನಿಂತಿದೆಯೇ ಹೊರತು ವಯಸ್ಸಿನ ಮೇಲಲ್ಲ. 40ರವರೂ 78ರವರೂ ಒಂದೇ ದರ ಕಟ್ಟುತ್ತಾರೆ. ಬೇರೆ ಕಂಪನಿಯ ಪಾಲಿಸಿಯಲ್ಲಿ 78ರವರ ಪ್ರೀಮಿಯಂ ಎರಡು ಮೂರು ಪಟ್ಟು ಏರುವುದರಿಂದ ಹಿರಿಯರಿಗೆ ಇದು ನಿಜಕ್ಕೂ ಅಗ್ಗವಾಗಬಹುದು. ಸಾಮಾನ್ಯವಾಗಿ ಪೂರ್ತಿ ಹಣ ಕಟ್ಟುವ ಗಡುವಿನವರೆಗೂ ಸೇರಿಸಿಕೊಳ್ಳಬಹುದು, ಆತುರವಿಲ್ಲ. ಯಾವ ಕಾರಣಕ್ಕೆ ರದ್ದು ಮಾಡಿದರೂ ದಂಡದ ಶೇ. 75ರಿಂದ 100ರಷ್ಟನ್ನು ಮುಂದಿನ ಯಾನದ ಕ್ರೆಡಿಟ್ ಆಗಿ ಕೊಡುವ ಯೋಜನೆಗಳೂ ಇವೆ.

ಆದರೆ ಕ್ರೆಡಿಟ್ ಎಂದರೆ ನಗದಲ್ಲ. ಅದಕ್ಕೆ ಅವಧಿ ಇದೆ, ಇನ್ನೊಬ್ಬರಿಗೆ ದಾಟಿಸಲು ಬರುವುದಿಲ್ಲ. ಕಾಯಿಲೆ ಬಿದ್ದು ಇನ್ನು ಹಡಗು ಹತ್ತುವ ಸ್ಥಿತಿಯಲ್ಲೇ ಇಲ್ಲದವರಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಎರಡನೆಯ ದೌರ್ಬಲ್ಯ ವೈದ್ಯಕೀಯ ಮಿತಿ. ಹಲವು ಯೋಜನೆಗಳಲ್ಲಿ ಇದು 10,000ದಿಂದ 25,000 ಡಾಲರ್ ಆಸುಪಾಸು. ಏರ್ ಆಂಬುಲೆನ್ಸ್‌ನಂಥ ಸಾಗಣೆಗೆ 50,000 ಡಾಲರ್ ಸುತ್ತಮುತ್ತ. ಅಲಾಸ್ಕಾದಲ್ಲಿ ಹಡಗಿನಿಂದ ರೋಗಿಯನ್ನು ಎತ್ತಿಕೊಂಡು ಹೋಗುವ ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್ ಬಿಲ್ ಕೊಡುವುದಿಲ್ಲ. ಜೂನೋ ಆಸ್ಪತ್ರೆಯಿಂದ ಸಿಯಾಟಲ್‌ಗೆ ಸಾಗಿಸುವ ಏರ್ ಆಂಬುಲೆನ್ಸ್ ಕೊಡುತ್ತದೆ, ಅದೂ ಹತ್ತಾರು ಸಾವಿರ ಡಾಲರ್‌ಗಳಲ್ಲಿ. ಅಟ್ಲಾಂಟಿಕ್ ಆಚೆಯಿಂದ ತರಬೇಕಾದರೆ ಲಕ್ಷ ಡಾಲರ್ ದಾಟುವುದು ಕಷ್ಟವೇನಲ್ಲ.

ಮೂರನೆಯದು, ಕಂಪನಿಯೇ ಮುಳುಗಿದರೆ? 2022ರ ಜನವರಿಯಲ್ಲಿ ಕ್ರಿಸ್ಟಲ್ ಕ್ರೂಸಸ್‌ನ ಹಡಗೊಂದು ಇಂಧನದ ಬಾಕಿಗಾಗಿ ಮಯಾಮಿಯಲ್ಲಿ ಜಪ್ತಿಯಾಗುವುದನ್ನು ತಪ್ಪಿಸಿಕೊಂಡು ಬಹಾಮಾಸ್‌ನ ಬಿಮಿನಿ ದ್ವೀಪಕ್ಕೆ ಹೋಗಿ ನಿಂತಿತು. ಸ್ವಲ್ಪ ಸಮಯದಲ್ಲೇ ಕಂಪನಿ ಬಾಗಿಲು ಹಾಕಿತು. 2024ರ ಫೆಬ್ರವರಿಯಲ್ಲಿ ಅಮೆರಿಕನ್ ಕ್ವೀನ್ ವಾಯೇಜಸ್ ಮುಚ್ಚಿತು. ಮುಳುಗಿದ ಕಂಪನಿಯ ಕ್ರೆಡಿಟ್ ಅದರ ಜೊತೆಗೇ ಮುಳುಗುತ್ತದೆ. ವರ್ಷ ಮೊದಲೇ ದುಡ್ಡು ಕೊಡುವವರು ಈ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ನಮ್ಮ ತೀರ್ಪು: 75 ದಾಟಿದವರಿಗೆ, ಕೆನಡಾ-ಅಲಾಸ್ಕಾದಂಥ ಹತ್ತಿರದ ಯಾನಕ್ಕೆ, ಬೇರೆ ಆರೋಗ್ಯ ವಿಮೆ ಗಟ್ಟಿಯಾಗಿದ್ದರೆ ಪರವಾಗಿಲ್ಲ. ಉಳಿದವರಿಗೆ ಸಾಲದು.

ಎರಡು: ಬೇರೆ ವಿಮಾ ಕಂಪನಿಯ ಸಮಗ್ರ ಪಾಲಿಸಿ

ಅಲಿಯಾನ್ಸ್, ನೇಷನ್‌ವೈಡ್, ಟ್ರಾವೆಲ್ ಗಾರ್ಡ್, ಟ್ರಾವೆಲೆಕ್ಸ್ ಇತ್ಯಾದಿ. ಸ್ಕ್ವೇರ್‌ಮೌತ್, ಇನ್ಶೂರ್‌ಮೈಟ್ರಿಪ್ ತಾಣಗಳಲ್ಲಿ ಹೋಲಿಸಿ ನೋಡಬಹುದು. ಪ್ರೀಮಿಯಂ ಸಾಮಾನ್ಯವಾಗಿ ಪ್ರವಾಸದ ವೆಚ್ಚದ ಶೇ. 4ರಿಂದ 10. ವಯಸ್ಸು, ವಾಸಿಸುವ ರಾಜ್ಯ, ಪ್ರವಾಸದ ದಿನಗಳು, ವಿಮೆ ಮಾಡಿಸುವ ಮೊತ್ತ ಈ ನಾಲ್ಕರ ಮೇಲೆ ಬೆಲೆ ಏರಿಳಿಯುತ್ತದೆ. ವೈದ್ಯಕೀಯಕ್ಕೆ ಕನಿಷ್ಠ 1,00,000, ಸಾಗಣೆಗೆ ಕನಿಷ್ಠ 2,50,000 ಡಾಲರ್ ಇರುವುದನ್ನೇ ನೋಡಿ. ಅದಕ್ಕಿಂತ ಕೆಳಗಿನದು ಕ್ರೂಸಿಗೆ ಸಣ್ಣದಾಯಿತು.

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಮೊದಲೇ ಇದ್ದ ಕಾಯಿಲೆಯ ಷರತ್ತಿನ ಬಳಿ. ಪಾಲಿಸಿ ಕೊಂಡ ದಿನದಿಂದ 60ರಿಂದ 180 ದಿನ ಹಿಂದಕ್ಕೆ ತಿರುಗಿ ನೋಡುತ್ತಾರೆ. ಇದನ್ನು ಲುಕ್‌ಬ್ಯಾಕ್ ಅವಧಿ ಅನ್ನುತ್ತಾರೆ. ಆ ಅವಧಿಯಲ್ಲಿ ಹೊಸ ಲಕ್ಷಣ, ಹೊಸ ಪರೀಕ್ಷೆ, ಔಷಧದಲ್ಲಿ ಬದಲಾವಣೆ ಏನಾದರೂ ಇದ್ದರೆ ಅದು ಮೊದಲೇ ಇದ್ದ ಕಾಯಿಲೆ. ಬಿಪಿಗೆಂದು ಅಮ್ಲೋಡಿಪಿನ್ 5 ಮಿಲಿಗ್ರಾಂ ನುಂಗುತ್ತಿದ್ದವರಿಗೆ ಡಾಕ್ಟರು 10 ಮಿಲಿಗ್ರಾಂ ಮಾಡಿದರು ಅಂದುಕೊಳ್ಳಿ. ಐವತ್ತು ದಿನ ಬಿಟ್ಟು ಪಾಲಿಸಿ ಕೊಂಡು, ಹೊರಡುವ ವಾರ ಬಿಪಿ ಏರಿ ಆಸ್ಪತ್ರೆ ಸೇರಿದರೆ ಕ್ಲೇಮ್ ತಿರಸ್ಕಾರವಾಗುತ್ತದೆ. ವರ್ಷಗಳಿಂದ ಒಂದೇ ಡೋಸ್‌ನಲ್ಲಿ ಇದ್ದವರಿಗೆ ಈ ತೊಂದರೆ ಇಲ್ಲ.

ಇದರಿಂದ ಪಾರಾಗುವ ದಾರಿಯೇ ವೇವರ್, ಅಂದರೆ ಮೊದಲೇ ಇದ್ದ ಕಾಯಿಲೆಯ ಷರತ್ತನ್ನು ಕಂಪನಿ ಬಿಟ್ಟುಕೊಡುವುದು. ಪಡೆಯಲು ಮೂರು ಷರತ್ತು: ಮೊದಲ ಡೆಪಾಸಿಟ್ ಆದ 14ರಿಂದ 21 ದಿನದೊಳಗೆ ಪಾಲಿಸಿ ಕೊಳ್ಳಬೇಕು, ಕೊಳ್ಳುವ ದಿನ ಪ್ರಯಾಣ ಮಾಡುವಷ್ಟು ಆರೋಗ್ಯವಾಗಿರಬೇಕು, ವಾಪಸ್ ಬಾರದ ಹಣವನ್ನೆಲ್ಲ ವಿಮೆಗೆ ಒಳಪಡಿಸಬೇಕು. ದಿನ ಎಣಿಕೆ ಶುರುವಾಗುವುದು ಪೂರ್ತಿ ಹಣ ಕಟ್ಟಿದಾಗಲ್ಲ, ಮೊದಲ ಕಂತು ಕಟ್ಟಿದಾಗ. ಅದು ಬಂದರಿನಲ್ಲಿ ಇಳಿದು ಊರು ನೋಡುವ 25 ಡಾಲರ್‌ನ ಶೋರ್ ಟೂರ್ ಆಗಿದ್ದರೂ ಸರಿ.

ನಮ್ಮವರಿಗೆ ಇದರಲ್ಲಿ ಇನ್ನೊಂದು ಮುಖ ಇದೆ. ಲುಕ್‌ಬ್ಯಾಕ್ ಪ್ರಯಾಣಿಕರಿಗೆ ಮಾತ್ರವಲ್ಲ, ಪ್ರಯಾಣ ಮಾಡದ ಹತ್ತಿರದ ನೆಂಟರಿಗೂ ಅನ್ವಯಿಸುತ್ತದೆ. ಮೈಸೂರಿನಲ್ಲಿರುವ ಮಾವನವರಿಗೆ ಡಯಾಲಿಸಿಸ್ ನಡೆಯುತ್ತಿದೆ, ಹೊರಡುವ ಹೊತ್ತಿಗೆ ಅವರ ಸ್ಥಿತಿ ಬಿಗಡಾಯಿಸಿ ಕ್ರೂಸ್ ಬಿಟ್ಟು ಊರಿಗೆ ಓಡಬೇಕಾಯಿತು. ವೇವರ್ ಇಲ್ಲದಿದ್ದರೆ ಆ ಹಣ ಹೋದಂತೆಯೇ. ವೇವರ್ ಇದ್ದರೂ ಕುಟುಂಬ ಎಂಬುದಕ್ಕೆ ಪಾಲಿಸಿ ಕೊಟ್ಟ ವಿವರಣೆಯಲ್ಲಿ ಅತ್ತೆ-ಮಾವ ಇದ್ದಾರೆಯೇ, ಚಿಕ್ಕಪ್ಪ-ಸೋದರಮಾವ ಇದ್ದಾರೆಯೇ ನೋಡಿಕೊಳ್ಳಿ. ಪಾಲಿಸಿಯಿಂದ ಪಾಲಿಸಿಗೆ ಇದು ಬದಲಾಗುತ್ತದೆ.

ಯಾವ ಕಾರಣಕ್ಕಾದರೂ ರದ್ದು ಮಾಡುವ ಹಕ್ಕು, ಅಂದರೆ ಸಿಎಫ್ಎಆರ್, ಹೆಚ್ಚುವರಿ ಆಯ್ಕೆ. ಪ್ರೀಮಿಯಂ ಮೇಲೆ ಮತ್ತೆ ಶೇ. 40-50 ಸೇರುತ್ತದೆ. ಇದನ್ನೂ ಆ ಎರಡು ಮೂರು ವಾರದಲ್ಲೇ ಕೊಳ್ಳಬೇಕು, ಹೊರಡುವುದಕ್ಕೆ ಕನಿಷ್ಠ 48 ಗಂಟೆ ಮೊದಲು ರದ್ದು ಮಾಡಿರಬೇಕು; ನಷ್ಟದ ಶೇ. 50ರಿಂದ 75 ನಗದಾಗಿ ಬರುತ್ತದೆ. ನ್ಯೂಯಾರ್ಕ್ ನಿವಾಸಿಗಳಿಗೆ ಆಯ್ಕೆ ಕಡಿಮೆ. ಎಲ್ಲರಿಗೂ ಬೇಕೆಂದಿಲ್ಲ. ಆದರೆ ಎಚ್-1ಬಿ ಕೆಲಸದ ವೀಸಾ ಮೇಲಿರುವವರು ಯೋಚಿಸಲೇಬೇಕು: ವೀಸಾ ಸಿಗಲಿಲ್ಲ, ಪಾಸ್‌ಪೋರ್ಟ್‌ಗೆ ವೀಸಾ ಸ್ಟಾಂಪಿಂಗ್ ತಡವಾಯಿತು ಎಂಬುದು ಸಾಮಾನ್ಯ ಪಾಲಿಸಿಗಳು ಒಪ್ಪುವ ಕಾರಣವಲ್ಲ. ಕೆಲಸ ಹೋದರೆ ಒಪ್ಪುತ್ತಾರೆ, ಆದರೆ ಅದೇ ಕಂಪನಿಯಲ್ಲಿ ಒಂದರಿಂದ ಮೂರು ವರ್ಷ ಸತತವಾಗಿ ದುಡಿದಿರಬೇಕು ಎಂಬ ಷರತ್ತು ಹಾಕಿ. ನೀವೇ ರಾಜೀನಾಮೆ ಕೊಟ್ಟರೆ ಬರುವುದಿಲ್ಲ.

ಕ್ರೂಸ್ ಕಂಪನಿ ದಿವಾಳಿಯಾದರೆ ಹಣ ಕೊಡುವ ಕವರ್ ಕೂಡ ಇಂಥ ಪಾಲಿಸಿಗಳಲ್ಲೇ ಸಿಗುತ್ತದೆ. ಕೊಂಡ ನಂತರ ಒಂದೆರಡು ವಾರ ಕಾಯುವ ಅವಧಿ ಇರುವುದು ವಾಡಿಕೆ. ಬಿರುಗಾಳಿಗೂ ಇದೇ ಬಗೆಯ ತರ್ಕ. ಅಟ್ಲಾಂಟಿಕ್‌ನ ಹರಿಕೇನ್ ಕಾಲ ಜೂನ್ 1ರಿಂದ ನವೆಂಬರ್ 30. ಗಾಳಿಗೆ ಹೆಸರಿಟ್ಟ ಮೇಲೆ ಕೊಂಡ ಪಾಲಿಸಿ ಆ ಗಾಳಿಗೆ ಕೆಲಸಕ್ಕೆ ಬಾರದು.

ಮೊತ್ತವನ್ನು ಹಂತ ಹಂತವಾಗಿ ಏರಿಸುವುದು

ಡೆಪಾಸಿಟ್ ಕಟ್ಟಿದ ದಿನವೇ ಇಡೀ ಪ್ರವಾಸಕ್ಕೆ ಪ್ರೀಮಿಯಂ ಕಟ್ಟಬೇಕಾಗಿಲ್ಲ. ಉದಾಹರಣೆಗೆ ನ್ಯೂಜೆರ್ಸಿಯ ದಂಪತಿ, ವಯಸ್ಸು 67 ಮತ್ತು 63, ಸಿಯಾಟಲ್‌ನಿಂದ ಏಳು ರಾತ್ರಿಯ ಅಲಾಸ್ಕಾ, ಟಿಕೆಟ್ 4,200 ಡಾಲರ್, ವಾಪಸ್ ಬಾರದ ಡೆಪಾಸಿಟ್ 500. ಮೊದಲ ಎರಡು ವಾರದಲ್ಲಿ 500 ಡಾಲರ್‌ಗೆ ಮಾತ್ರ ಪಾಲಿಸಿ. ಅಕ್ಟೋಬರ್‌ನಲ್ಲಿ 700 ಡಾಲರ್‌ನ ವಿಮಾನ ಟಿಕೆಟ್ ಕೊಂಡಾಗ ಕಂಪನಿಗೆ ಫೋನ್ ಮಾಡಿ ಮೊತ್ತವನ್ನು 1,200 ಮಾಡಿಸುವುದು. ಮಾರ್ಚ್‌ನಲ್ಲಿ ಬಾಕಿ 3,700 ಕಟ್ಟಿದ ಕೂಡಲೇ 4,900ಕ್ಕೆ ಏರಿಸುವುದು. ಪ್ರತಿ ಸಲವೂ ವ್ಯತ್ಯಾಸದ ಪ್ರೀಮಿಯಂ ಮಾತ್ರ. ಡೆಪಾಸಿಟ್ ವಾಪಸ್ ಬರುವಂಥದ್ದಾದರೆ ಮೊದಲ ಮೊತ್ತ ಇನ್ನೂ ಕಡಿಮೆ.

ಎಡವುವುದು ಇಲ್ಲೇ. ಪ್ರತಿ ಹೊಸ ಪಾವತಿಯನ್ನು ಇಂತಿಷ್ಟು ದಿನದೊಳಗೆ ಸೇರಿಸಬೇಕು ಎಂಬ ಗಡುವು ಪಾಲಿಸಿಯಲ್ಲಿ ಇರುತ್ತದೆ. ಮಾರ್ಚ್‌ನ 3,700 ಮರೆತರೆ ಆ ಹಣಕ್ಕೆ ಮಾತ್ರವಲ್ಲ, ವೇವರ್‌ಗೂ ಸಂಚಕಾರ. ಪಾವತಿ ರಸೀದಿ ಇಮೇಲ್ ಬಂದ ದಿನವೇ ಫೋನ್ ಮಾಡಿಬಿಡುವುದು ಕ್ಷೇಮ. ಕ್ರೂಸ್ ಕಂಪನಿಯೇ ಹಡಗನ್ನು ಬೇರೆಯವರಿಗೆ ಇಡಿಯಾಗಿ ಬಾಡಿಗೆಗೆ ಕೊಟ್ಟು ನಿಮ್ಮ ತಾರೀಖು ಬದಲಿಸಿದರೂ ಪಾಲಿಸಿಯ ದಿನಾಂಕ ತಾನಾಗಿ ಬದಲಾಗುವುದಿಲ್ಲ. ಅದಕ್ಕೂ ಫೋನ್ ಮಾಡಬೇಕು.

ಮೂರು: ಕ್ರೆಡಿಟ್ ಕಾರ್ಡ್

ಚೇಸ್ ಸಫೈರ್ ರಿಸರ್ವ್‌ನಂಥ ಕಾರ್ಡಿನಲ್ಲಿ ಟಿಕೆಟ್ ಕೊಂಡರೆ ರದ್ದತಿಗೆ ತಲಾ 10,000 ಡಾಲರ್‌ವರೆಗೆ ಸಿಗುತ್ತದೆ, ಬಿಟ್ಟಿ. ಆದರೆ ತುರ್ತು ವೈದ್ಯಕೀಯಕ್ಕೆ 2,500 ಡಾಲರ್ ಮಾತ್ರ, ಮೊದಲೇ ಇದ್ದ ಕಾಯಿಲೆಗೆ ವೇವರ್ ಇಲ್ಲ. ಔಷಧವೇ ತಗೊಳ್ಳದ ಮೂವತ್ತರ ದಂಪತಿ ಕಾರ್ಡಿನ ರದ್ದತಿ ಕವರ್ ನಂಬಿಕೊಂಡು, ಸೊನ್ನೆ ಡಾಲರ್ ಪ್ರವಾಸ ವೆಚ್ಚ ಎಂದು ನಮೂದಿಸಿ ವೈದ್ಯಕೀಯ ಮತ್ತು ಸಾಗಣೆಗೆ ಮಾತ್ರ ಬೇರೆ ಪಾಲಿಸಿ ಕೊಂಡರೆ ಅಗ್ಗದಲ್ಲಿ ಮುಗಿಯುತ್ತದೆ. ಉಳಿದವರು ಇದನ್ನು ಮೇಲೋಗರ ಎಂದುಕೊಳ್ಳಬೇಕೇ ವಿನಾ ಊಟ ಎಂದಲ್ಲ.

ಅಮೆರಿಕ ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್ ಇದೆಯಲ್ಲ ಎನ್ನುವ ಹಿರಿಯರಿಗೆ: ಹಡಗು ಅಮೆರಿಕದ ಬಂದರಿನಿಂದ ಆರು ಗಂಟೆಗಿಂತ ದೂರ ಹೋದ ಮೇಲೆ ಅದು ನಡೆಯುವುದಿಲ್ಲ. ಮೆಡಿಕೇರ್‌ಗೆ ಪೂರಕವಾಗಿ ಕೊಳ್ಳುವ ಮೆಡಿಗ್ಯಾಪ್‌ನ ಜಿ, ಎನ್ ಮುಂತಾದ ಪ್ಲಾನ್‌ಗಳು ವಿದೇಶದ ತುರ್ತು ಚಿಕಿತ್ಸೆಗೆ 250 ಡಾಲರ್ ಕಳೆದು ಶೇ. 80 ಕೊಡುತ್ತವೆ, ಜೀವಮಾನದ ಮಿತಿ 50,000 ಡಾಲರ್.

ಹಡಗು ತಪ್ಪಿದರೆ

ವಿಮಾನ ತಡವಾಗಿ ಹಡಗು ಹೊರಟುಹೋದರೆ ಮುಂದಿನ ಬಂದರಿಗೆ ಹೋಗಿ ಸೇರಿಕೊಳ್ಳುವ ಖರ್ಚನ್ನು ಪಾಲಿಸಿ ಕೊಡುತ್ತದೆ, ಸಾಮಾನ್ಯವಾಗಿ ಮೂರು ಗಂಟೆಗಿಂತ ಹೆಚ್ಚು ತಡವಾಗಿದ್ದರೆ. ಅಲಾಸ್ಕಾದಲ್ಲಿ ಇದು ಹೇಳಿದಷ್ಟು ಸುಲಭವಲ್ಲ. 1886ರ ಪ್ರಯಾಣಿಕ ಹಡಗು ಕಾಯ್ದೆಯ ಪ್ರಕಾರ ವಿದೇಶಿ ಧ್ವಜದ ಹಡಗು ಒಂದು ಅಮೆರಿಕನ್ ಬಂದರಿನಲ್ಲಿ ಹತ್ತಿಸಿಕೊಂಡವರನ್ನು ದೂರದ ವಿದೇಶಿ ಬಂದರು ಮುಟ್ಟದೆ ಇನ್ನೊಂದು ಅಮೆರಿಕನ್ ಬಂದರಿನಲ್ಲಿ ಇಳಿಸುವಂತಿಲ್ಲ. ಸಿಯಾಟಲ್‌ನಲ್ಲಿ ತಪ್ಪಿದ ಹಡಗನ್ನು ಅಲಾಸ್ಕಾದ ಕೆಚಿಕಾನ್‌ನಲ್ಲಿ ಹಿಡಿದು ಸಿಯಾಟಲ್‌ನಲ್ಲಿ ಇಳಿಯುವುದು ಈ ಕಾಯ್ದೆಗೆ ಸಿಕ್ಕಿಹಾಕಿಕೊಳ್ಳುತ್ತದೆ; ದಾರಿಯಲ್ಲಿ ಮುಟ್ಟುವ ಕೆನಡಾದ ವಿಕ್ಟೋರಿಯಾ ಕಾಯ್ದೆಯ ಕಣ್ಣಿಗೆ ಹತ್ತಿರದ ವಿದೇಶಿ ಬಂದರು, ಲೆಕ್ಕಕ್ಕಿಲ್ಲ. ಹಾಗಾಗಿ ಒಂದು ದಿನ ಮೊದಲೇ ಸಿಯಾಟಲ್ ತಲುಪುವ ಹೋಟೆಲ್ ಖರ್ಚು ಯಾವ ಪಾಲಿಸಿಗಿಂತಲೂ ಒಳ್ಳೆಯ ವಿಮೆ.

ಕ್ಲೇಮ್ ಎಲ್ಲಿ ಮುಗ್ಗರಿಸುತ್ತದೆ

ರದ್ದು ಮಾಡುವ ಮೊದಲು ಡಾಕ್ಟರು ನೋಡಿ, ಪ್ರಯಾಣ ಬೇಡ ಎಂದು ಬರೆದುಕೊಡಬೇಕು. ಮೊದಲು ರದ್ದು, ಆಮೇಲೆ ಡಾಕ್ಟರು ಎಂದರೆ ಜಗಳ ಶುರು. ಹುಷಾರಾಗಬಹುದು ಎಂದು ವಾರ ಕಾದು ದಂಡ ಶೇ. 50ರಿಂದ 75ಕ್ಕೆ ಏರಿದರೆ ಆ ಹೆಚ್ಚಿನ ಭಾಗ ನಿಮ್ಮ ತಲೆ ಮೇಲೆ ಬರಬಹುದು. ಹಡಗಿನ ದವಾಖಾನೆಯ ಬಿಲ್ ನಿಮ್ಮ ಕ್ಯಾಬಿನ್ ಖಾತೆಗೆ ಹೋಗುತ್ತದೆ. ಕಟ್ಟಿ, ಬಿಡಿಬಿಡಿ ವಿವರದ ರಸೀದಿ ಮತ್ತು ಡಾಕ್ಟರ ಟಿಪ್ಪಣಿ ಇಳಿಯುವ ಮೊದಲೇ ಕೇಳಿ ಪಡೆಯಿರಿ. ಏರ್ ಆಂಬುಲೆನ್ಸ್ ಅನ್ನು ಮಾತ್ರ ನೀವೇ ಗೊತ್ತುಮಾಡಬೇಡಿ: ವಿಮಾ ಕಂಪನಿಯ 24 ಗಂಟೆಯ ನಂಬರಿಗೆ ಫೋನ್ ಮಾಡಿ ಒಪ್ಪಿಗೆ ಪಡೆಯದ ಸಾಗಣೆಗೆ ಹಣ ಬರುವುದು ಅನುಮಾನ.

ಬೆಂಗಳೂರಿನಿಂದ ಹೊರಡುವವರಿಗೆ

ಭಾರತದ ವಿದೇಶ ಪ್ರಯಾಣ ಪಾಲಿಸಿಗಳು ಮೂಲತಃ ಆಸ್ಪತ್ರೆ ಖರ್ಚಿನವು. ಬೆಲೆ ಕಡಿಮೆ ಇರುವುದೂ ಅದಕ್ಕೇ. ರದ್ದತಿಯ ಮಿತಿ ಸಾಮಾನ್ಯವಾಗಿ ಕ್ರೂಸ್ ಟಿಕೆಟ್‌ನ ಮುಂದೆ ಏನೂ ಅಲ್ಲ, ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ ಜೀವಕ್ಕೆ ಅಪಾಯವಾದಾಗಿನ ಚಿಕಿತ್ಸೆ. ಬಾರ್ಸಿಲೋನಾದಲ್ಲೋ ರೋಮ್ ಬಳಿಯ ಚಿವಿಟಾವೆಕಿಯಾದಲ್ಲೋ ಹತ್ತುವವರಿಗೆ ಷೆಂಗೆನ್ ವೀಸಾಗೆ 30,000 ಯೂರೋ ವೈದ್ಯಕೀಯ ಕವರ್ ಕಡ್ಡಾಯ. ಅದು ವೀಸಾಗೆ ಸಾಕು, ಹಡಗಿಗೆ ಸಾಲದು. ಆದ್ದರಿಂದ ಇಲ್ಲಿಂದ ಹೊರಡುವವರು ಡೆಪಾಸಿಟ್ ವಾಪಸ್ ಬರುವ ದರವನ್ನೇ ಆರಿಸಿ, ಕೊನೆಯ ಪಾವತಿಗೆ ಮೊದಲು ವೀಸಾ ಕೈಗೆ ಬರುವಂತೆ ತಾರೀಖು ಹೊಂದಿಸಿಕೊಳ್ಳುವುದು ಲೇಸು. ಮಕ್ಕಳ ಜೊತೆ ಕ್ರೂಸಿಗೆಂದು ಅಮೆರಿಕಕ್ಕೆ ಬರುವ ಅಪ್ಪ-ಅಮ್ಮನಿಗೆ ಅಲ್ಲಿನ ಹೆಚ್ಚಿನ ಸಮಗ್ರ ಪಾಲಿಸಿಗಳು ಸಿಗುವುದಿಲ್ಲ, ಅವು ನಿವಾಸಿಗಳಿಗೆ. ಬಿ-2 ಪ್ರವಾಸಿ ವೀಸಾದವರಿಗೆ ಮಾರುವ ವಿಸಿಟರ್ ಪಾಲಿಸಿ ಕೊಳ್ಳುವಾಗ ಅಮೆರಿಕದ ಹೊರಗೆ, ಹಡಗಿನ ಮೇಲೂ ಅದು ನಡೆಯುತ್ತದೆಯೇ ಎಂದು ಬರಹದಲ್ಲೇ ಕೇಳಿಕೊಳ್ಳಿ.

ಅಮೆರಿಕದ ಪಾಲಿಸಿಗಳಿಗೆ ಸಾಮಾನ್ಯವಾಗಿ 10ರಿಂದ 15 ದಿನದ ಫ್ರೀ ಲುಕ್, ಅಂದರೆ ಓದಿ ನೋಡಿ ಹಿಂದಿರುಗಿಸುವ ಅವಧಿ ಇದೆ. ಇಷ್ಟವಾಗದಿದ್ದರೆ, ಕ್ಲೇಮ್ ಮಾಡಿರದಿದ್ದರೆ, ಪೂರ್ತಿ ಹಣ ವಾಪಸ್. ಡೆಪಾಸಿಟ್ ಕಟ್ಟಿದ ಮೂರನೆಯ ದಿನ ಕೊಂಡರೆ ಪಾಲಿಸಿಯ ಪಿಡಿಎಫ್‌ನಲ್ಲಿ ಲುಕ್‌ಬ್ಯಾಕ್ ದಿನಗಳು, ಕುಟುಂಬದ ವಿವರಣೆ, ಹೊಸ ಪಾವತಿ ಸೇರಿಸುವ ಗಡುವು ಇವಿಷ್ಟನ್ನು ಓದಿ, ಸರಿಹೋಗದಿದ್ದರೆ ಹಿಂದಿರುಗಿಸಿ, ಗಡುವಿನೊಳಗೇ ಇನ್ನೊಂದನ್ನು ಕೊಳ್ಳಲು ಸಮಯ ಉಳಿಯುತ್ತದೆ. ಹದಿಮೂರನೆಯ ದಿನ ಕೊಂಡವರಿಗೆ ಆ ಅವಕಾಶ ಇರುವುದಿಲ್ಲ.