ಮನಿ ಮ್ಯಾನೇಜರ್ ಆ್ಯಪ್: ಸಂಸಾರದ ಜಮಾ-ಖರ್ಚಿಗೆ ಬಹುಕಾಲ ಬಳಸಿದವಳ ವಿಮರ್ಶೆ

ಕೊರಿಯಾದ ರಿಯಲ್‌ಬೈಟ್ ಕಂಪನಿಯ ‘ಮನಿ ಮ್ಯಾನೇಜರ್’ ಆ್ಯಪನ್ನು ನಮ್ಮ ಮನೆಯ ಲೆಕ್ಕಕ್ಕೆ ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ನಾವಿರುವುದು ಮೈಸೂರಿನಲ್ಲಿ. ನನ್ನದು ತಿಂಗಳ ಸಂಬಳದ ಕೆಲಸ, ಪತಿಯದು ಮುದ್ರಣದ ಸ್ವಂತ ಕಸುಬು. ಮನೆಯಲ್ಲಿ ಓದುವ ಮಕ್ಕಳೂ ಅತ್ತೆಯವರೂ ಇದ್ದಾರೆ. ಬಜೆಟ್ ಆ್ಯಪ್ ಎಂದ ಕೂಡಲೇ ಹಣ ಎಲ್ಲಿ ಹೋಯಿತೆಂದು ತಿಳಿಸುವ ಸಾಧನ ಎಂಬ ಭಾವನೆ ಹಲವರಲ್ಲಿದೆ. ಆ ಪ್ರಯೋಜನ ಇದ್ದೇ ಇದೆ. ಆದರೆ ನಮಗೆ ಅದಕ್ಕಿಂತ ದೊಡ್ಡದಾಗಿ ಒದಗಿರುವುದು, ಕೈಗೆ ಬಂದ ಹಣದಲ್ಲಿ ಎಷ್ಟು ಈಗಾಗಲೇ ಬೇರೊಂದು ಕೆಲಸಕ್ಕೆ ಮೀಸಲಾಗಿದೆ ಎಂಬುದು ಖರ್ಚು ಮಾಡುವ ಮೊದಲೇ ಕಾಣುವುದು. ಈ ವಿಮರ್ಶೆಯಲ್ಲಿ ಮುಖ್ಯವಾಗಿ ಅದನ್ನೇ ವಿವರಿಸುತ್ತೇನೆ.

ಈ ಆ್ಯಪ್‌ನಲ್ಲಿ ಪ್ರತಿ ಖರ್ಚನ್ನೂ ನಾವೇ ಬರೆಯಬೇಕು: ಮೊತ್ತ, ಬಾಬ್ತು, ಯಾವ ಖಾತೆಯಿಂದ ಹೋಯಿತು ಎಂಬ ಮೂರು ವಿವರ ಸಾಕು. ಇದಕ್ಕೂ ಮುಂಚೆ ನಾನು ಬಳಸುತ್ತಿದ್ದ ಇನ್ನೊಂದು ಆ್ಯಪ್ ಬ್ಯಾಂಕಿನ ಎಸ್ಸೆಮ್ಮೆಸ್‌ಗಳನ್ನು ತಾನೇ ಓದಿ ಲೆಕ್ಕ ಹಾಕುತ್ತಿತ್ತು. ಕೆಲಸವೇನೋ ಹಗುರವಾಗಿತ್ತು, ಆದರೆ ಅದು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡದ್ದನ್ನು ಒಮ್ಮೆ, ಅದೇ ಕಾರ್ಡಿನ ಬಿಲ್ಲು ಕಟ್ಟಿದ್ದನ್ನು ಇನ್ನೊಮ್ಮೆ ಖರ್ಚೆಂದು ತೋರಿಸುತ್ತಿತ್ತು; ಅತ್ತೆಯವರ ಖಾತೆಗೆ ಕಳಿಸಿದ ಹಣವನ್ನೂ ಖರ್ಚಿನಲ್ಲೇ ಸೇರಿಸುತ್ತಿತ್ತು. ಕೈಯಾರೆ ಬರೆಯುವ ಪದ್ಧತಿಗೆ ಬಂದ ಮೇಲೆ ಲೆಕ್ಕ ನಂಬುವಂತಾಯಿತು. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಬರೆಯುವಾಗಲೇ ಆ ಬಾಬ್ತಿನಲ್ಲಿ ಉಳಿದಿರುವುದೆಷ್ಟು ಎಂಬುದರ ಮೇಲೆ ಕಣ್ಣು ಬೀಳುತ್ತದೆ. ಅಂಗಡಿಯ ಮುಂದೆ ನಿಂತು ಬರೆಯಲು ಹತ್ತು ಸೆಕೆಂಡು ಹಿಡಿಯಬಹುದು. ಆ ಹತ್ತು ಸೆಕೆಂಡಿನ ಎಚ್ಚರವೇ ಬಜೆಟ್ಟಿನ ಅರ್ಧ ಕೆಲಸವನ್ನು ಮಾಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯುಪಿಐ ಬಂದ ಮೇಲೆ ಪಾಸ್‌ಬುಕ್ಕೇ ಎಲ್ಲವನ್ನೂ ಹೇಳುತ್ತದಲ್ಲ, ಬೇರೆ ಲೆಕ್ಕವೇಕೆ ಎಂದು ಕೇಳುವವರಿದ್ದಾರೆ. ಪಾಸ್‌ಬುಕ್ಕಿನಲ್ಲಿ ಹಣ ಪಡೆದವರ ಹೆಸರಿರುತ್ತದೆಯೇ ಹೊರತು ಕೊಂಡದ್ದು ಏನೆಂಬುದು ಇರುವುದಿಲ್ಲ. ಅದೂ ಅಲ್ಲದೆ 2022ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಯುಪಿಐ ಲೈಟ್‌ನಲ್ಲಿ ಸಣ್ಣ ಪಾವತಿಗಳು ಫೋನಿನಲ್ಲಿರುವ ಲೈಟ್ ಶಿಲ್ಕಿನಿಂದ ಹೋಗುತ್ತವೆ. ಪಾಸ್‌ಬುಕ್ಕಿನಲ್ಲಿ ಕಾಣುವುದು ಲೈಟ್‌ಗೆ ಹಣ ತುಂಬಿದ ಒಂದು ಸಾಲು ಮಾತ್ರ. ಈಗ ಒಂದು ಪಾವತಿಗೆ 1,000 ರೂಪಾಯಿಯವರೆಗೆ, ಒಟ್ಟು ಶಿಲ್ಕಿಗೆ 5,000 ರೂಪಾಯಿಯವರೆಗೆ ಅವಕಾಶವಿರುವುದರಿಂದ ಹೂವು, ಸೊಪ್ಪು, ಆಟೋ, ಮಕ್ಕಳ ತಿಂಡಿ ಎಲ್ಲವೂ ಪಿನ್ ಒತ್ತದೆಯೇ, ಹೆಸರಿಲ್ಲದೆಯೇ ಸಾಗಿಬಿಡುತ್ತವೆ. ನಾನು ಆ್ಯಪ್‌ನಲ್ಲಿ ಲೈಟ್ ಅನ್ನು ಪ್ರತ್ಯೇಕ ಖಾತೆಯಾಗಿ ತೆರೆದು, ಹಣ ತುಂಬುವುದನ್ನು ವರ್ಗಾವಣೆಯೆಂದೂ ಅದರಿಂದ ಕೊಡುವುದನ್ನು ಖರ್ಚೆಂದೂ ಬರೆಯುತ್ತೇನೆ. ಆ್ಯಪ್‌ನ ಶಿಲ್ಕೂ ಫೋನಿನ ಶಿಲ್ಕೂ ಹೊಂದಿದರೆ ಲೆಕ್ಕ ಸರಿಯಿದೆ ಎಂದರ್ಥ.

ಖರ್ಚು ಮತ್ತು ವರ್ಗಾವಣೆ ಎಂಬ ಈ ಭೇದವೇ ಮನಿ ಮ್ಯಾನೇಜರ್‌ನ ನಿಜವಾದ ಬಲ. ಹಳೆಯ ಅಂಗಡಿಗಳ ಕಿರ್ದಿ-ಖಾತೆಗಳಂತೆ ಇಲ್ಲಿಯೂ ಹಣ ಒಂದು ಖಾತೆಯಿಂದ ಹೊರಟು ಇನ್ನೊಂದನ್ನು ಸೇರುತ್ತದೆ. ಕಾರ್ಡಿನಲ್ಲಿ ಕೊಂಡ ದಿನವೇ ಅದು ಖರ್ಚು. ಬಿಲ್ಲು ಕಟ್ಟುವುದು ಬ್ಯಾಂಕ್ ಖಾತೆಯಿಂದ ಕಾರ್ಡಿಗೆ ಆಗುವ ವರ್ಗಾವಣೆ. ಕಾರ್ಡಿನ ಬಿಲ್ಲಿನ ದಿನಾಂಕವನ್ನೂ ಪಾವತಿಯ ದಿನಾಂಕವನ್ನೂ ಮೊದಲೇ ನಮೂದಿಸಿಟ್ಟರೆ ಈ ಬಾರಿ ಕಟ್ಟಬೇಕಾದದ್ದೆಷ್ಟು, ಮುಂದಿನ ಬಿಲ್ಲಿಗೆ ಸೇರಿದ್ದೆಷ್ಟು ಎಂಬುದು ಬೇರೆಬೇರೆಯಾಗಿ ಕಾಣುತ್ತದೆ. ನೆಂಟರಿಗೆ ಕೊಟ್ಟ ಕೈಸಾಲಕ್ಕೂ ಹೀಗೆಯೇ ಒಂದು ಖಾತೆ ಮಾಡಿಕೊಂಡಿದ್ದೇನೆ; ಕೊಟ್ಟಾಗಲೂ ವಾಪಸು ಬಂದಾಗಲೂ ಅದು ವರ್ಗಾವಣೆಯಾಗಿ ದಾಖಲಾಗುವುದರಿಂದ ಆ ತಿಂಗಳ ಖರ್ಚು ಉಬ್ಬಿ ಕಾಣುವುದಿಲ್ಲ.

ಇನ್ನು ಈ ಆ್ಯಪ್ ನಮ್ಮ ಮನೆಯ ನೆಮ್ಮದಿಯನ್ನು ಹೆಚ್ಚಿಸಿದ ಬಗೆಗೆ ಬರುತ್ತೇನೆ. ಸಂಬಳದ ಮನೆಗಳಲ್ಲಿ ಇಕ್ಕಟ್ಟು ಹುಟ್ಟುವುದು ಬಹುಪಾಲು ದಿನನಿತ್ಯದ ಖರ್ಚಿನಿಂದಲ್ಲ, ವರ್ಷಕ್ಕೊಮ್ಮೆ ಎದುರಾಗುವ ದೊಡ್ಡ ಮೊತ್ತಗಳಿಂದ. ಉದಾಹರಣೆಗೆ ಒಂದು ಮನೆಯಲ್ಲಿ ಶಾಲೆಯ ಫೀ 36,000, ಆರೋಗ್ಯ ವಿಮೆಯ ಕಂತು 21,000, ಜೀವ ವಿಮೆಯ ಕಂತು 12,000, ಸ್ಕೂಟರಿನ ವಿಮೆ 3,000 ಎಂದಿಟ್ಟುಕೊಳ್ಳೋಣ. ಒಟ್ಟು 72,000, ಅಂದರೆ ತಿಂಗಳಿಗೆ 6,000. ಈ 6,000 ರೂಪಾಯಿ ಸಂಬಳ ಬಂದ ದಿನವೇ ನಮ್ಮದಲ್ಲ ಎಂದು ತಿಳಿದಿದ್ದರೆ ಜೂನ್ ತಿಂಗಳು ಭಯ ಹುಟ್ಟಿಸುವುದಿಲ್ಲ. ನಾವು ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ತೆರೆದು, ಆ್ಯಪ್‌ನಲ್ಲಿ ಅದಕ್ಕೆ ‘ವರ್ಷದ ಬಾಬ್ತು’ ಎಂದು ಹೆಸರಿಟ್ಟು, ಪ್ರತಿ ತಿಂಗಳೂ ತಾನಾಗಿ ದಾಖಲಾಗುವ ವರ್ಗಾವಣೆಯಾಗಿ ಅದನ್ನು ಹೊಂದಿಸಿಕೊಂಡಿದ್ದೇವೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ ಮತ್ತು ಜೀವ ವಿಮೆಯ ಕಂತುಗಳ ಮೇಲಿದ್ದ ಶೇ 18ರ ಜಿಎಸ್‌ಟಿ ರದ್ದಾದಾಗ ಈ ಮೀಸಲನ್ನು ಮತ್ತೆ ಲೆಕ್ಕ ಹಾಕಿದೆ. ಬಾಬ್ತುಗಳನ್ನು ಬಿಡಿಬಿಡಿಯಾಗಿ ಇಟ್ಟುಕೊಂಡಿದ್ದರಿಂದ ಅದು ಕೆಲವೇ ನಿಮಿಷಗಳ ಕೆಲಸವಾಯಿತು.

ಬಜೆಟ್ ಮಿತಿಯನ್ನು ತಿಂಗಳಿಂದ ತಿಂಗಳಿಗೆ ಬದಲಿಸಲು ಆಸ್ಪದವಿರುವುದು ನಮ್ಮ ಕಡೆಯ ಬದುಕಿಗೆ ಚೆನ್ನಾಗಿ ಒಗ್ಗುತ್ತದೆ. ವೈಶಾಖದ ಲಗ್ನಗಳಲ್ಲಿ ಮುಯ್ಯಿ ಮತ್ತು ಪ್ರಯಾಣದ ಬಾಬ್ತು ಏರುತ್ತದೆ. ಆಷಾಢದಲ್ಲಿ ಮದುವೆಗಳೇ ಇರುವುದಿಲ್ಲವಾದ್ದರಿಂದ ಅಲ್ಲಿ ಉಳಿಯುವುದನ್ನು ವರಮಹಾಲಕ್ಷ್ಮಿ ಮತ್ತು ಗೌರಿ ಹಬ್ಬಗಳಿಗೆ ಎತ್ತಿಡಬಹುದು. ಗೃಹಜ್ಯೋತಿಯಿಂದಾಗಿ ವಿದ್ಯುತ್ತಿಗೆ ಹಣ ತೆರದ ಮನೆಗಳೂ ಆ ಬಾಬ್ತನ್ನು ಅಳಿಸಿಹಾಕಬಾರದು, ಏಕೆಂದರೆ ಬೇಸಿಗೆಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕಾಗುತ್ತದೆ. ತಿಂಗಳ ಆರಂಭವನ್ನು 1ನೇ ತಾರೀಖಿನ ಬದಲು ಸಂಬಳದ ದಿನಕ್ಕೆ ಬದಲಿಸುವ ಸೌಲಭ್ಯವೂ ಇದೆ. ಮೊದಲ ದಿನವೇ ಅದನ್ನು ಹೊಂದಿಸಿಕೊಳ್ಳುವುದು ಒಳ್ಳೆಯದು.

ಪತಿಯ ವರಮಾನ ಒಂದೇ ಸಮನಾಗಿರುವುದಿಲ್ಲ. ಚುನಾವಣೆ ಮತ್ತು ಮದುವೆಗಳ ಕಾಲದಲ್ಲಿ ಮುದ್ರಣದ ಕೆಲಸ ತುಂಬಿರುತ್ತದೆ, ಉಳಿದಂತೆ ತೆಳುವಾಗಿರುತ್ತದೆ. ಅವರ ಗಳಿಕೆಯೆಲ್ಲ ಮೊದಲು ಪ್ರತ್ಯೇಕ ಖಾತೆಯೊಂದಕ್ಕೆ ಸೇರುತ್ತದೆ, ಅಲ್ಲಿಂದ ಮನೆಗೆ ತಿಂಗಳಿಗಿಷ್ಟು ಎಂದು ಗೊತ್ತುಮಾಡಿದ ಮೊತ್ತ ಬರುತ್ತದೆ. ಬಂದ ತಿಂಗಳೇ ಎಲ್ಲವನ್ನೂ ಖರ್ಚು ಮಾಡದೆ ಹಿಂದಿನ ತಿಂಗಳುಗಳ ಗಳಿಕೆಯಿಂದ ಈ ತಿಂಗಳನ್ನು ನಡೆಸುವ ಈ ಕ್ರಮವನ್ನು ಕಾಗದದ ಮೇಲೂ ಮಾಡಬಹುದು, ನಿಜ. ಆದರೆ ಆ ಖಾತೆಯ ಶಿಲ್ಕು ಇಬ್ಬರ ಕಣ್ಣಿಗೂ ಒಂದೇ ಅಂಕಿಯಾಗಿ ಕಂಡಾಗ ಹಣದ ಮಾತು ವಾದಕ್ಕೆ ತಿರುಗುವುದು ಕಡಿಮೆ. ಹೊಸ ಯಂತ್ರ ಕೊಳ್ಳಬೇಕೇ, ಇನ್ನೊಂದು ವರ್ಷ ತಡೆಯಬೇಕೇ ಎಂಬಂಥ ಚರ್ಚೆಗಳು ಈಗ ಊಹೆಯಿಂದಲ್ಲ, ಅಂಕಿಯಿಂದ ಆರಂಭವಾಗುತ್ತವೆ. ಇದಕ್ಕಾಗಿ ಈ ಆ್ಯಪ್‌ಗೆ ನಾನು ಮನಸಾರೆ ಕೃತಜ್ಞಳು.

ಉಳಿದ ಸಂಗತಿಗಳು ಚಿಕ್ಕವು. ಉಚಿತ ಆವೃತ್ತಿಯಲ್ಲಿ ಜಾಹೀರಾತುಗಳಿರುತ್ತವೆ, ಹಣ ಕೊಟ್ಟರೆ ಹೋಗುತ್ತವೆ. ದಿನವೂ ತೆರೆಯುವ ಆ್ಯಪ್ ಆದ್ದರಿಂದ ಕೊಡುವುದು ಸಾರ್ಥಕ ಎನಿಸಿತು. ಬಾಬ್ತುಗಳ ಹೆಸರನ್ನು ನಾವೇ ಇಟ್ಟುಕೊಳ್ಳಬಹುದು. ನನ್ನವೆಲ್ಲ ಕನ್ನಡದಲ್ಲೇ ಇವೆ. ಹೊಸಬರು ಹತ್ತು-ಹನ್ನೆರಡು ಬಾಬ್ತುಗಳಿಗಿಂತ ಹೆಚ್ಚು ಇಟ್ಟುಕೊಳ್ಳದಿರುವುದು ಲೇಸು, ಏಕೆಂದರೆ ಹಾಲಿಗೊಂದು, ಮೊಸರಿಗೊಂದು ಎಂದು ವಿಂಗಡಿಸಿದವರು ಬೇಗ ಬೇಸತ್ತು ಬಿಟ್ಟುಬಿಡುತ್ತಾರೆ. ಬಣ್ಣದ ನಕ್ಷೆಗಳು ಚೆನ್ನಾಗಿವೆ, ಆದರೆ ನನ್ನ ತೀರ್ಮಾನಗಳಿಗೆ ಅವು ಅಷ್ಟಾಗಿ ಬೇಕಾಗಿಲ್ಲ.

ಗೋಪ್ಯತೆಯ ವಿಷಯದಲ್ಲಿ ಮಾತ್ರ ಎಲ್ಲರೂ ಗಮನ ಕೊಡಬೇಕು. ಲೆಕ್ಕ ಬರೆಯುವ ಆ್ಯಪ್‌ಗೆ ಬ್ಯಾಂಕಿನ ಪಾಸ್‌ವರ್ಡ್ ಆಗಲಿ ಎಸ್ಸೆಮ್ಮೆಸ್ ಓದುವ ಅನುಮತಿಯಾಗಲಿ ಬೇಕಾಗಿಲ್ಲ. ಈ ಆ್ಯಪ್‌ನಲ್ಲಿ ನಾನು ಬರೆದ ಲೆಕ್ಕ ನನ್ನ ಫೋನಿನಲ್ಲೇ ಉಳಿಯುತ್ತದೆ, ತೆರೆಯಲು ಪಾಸ್‌ಕೋಡ್ ಇಡಬಹುದು. ಫೋನಿನಲ್ಲೇ ಉಳಿಯುವುದರಿಂದ ಪ್ರತಿಯನ್ನು ಕಾಪಾಡುವ ಹೊಣೆಯೂ ನಮ್ಮದೇ. ಗೂಗಲ್ ಡ್ರೈವ್‌ಗೆ ಬ್ಯಾಕಪ್ ಮಾಡಬಹುದು, ಎಕ್ಸೆಲ್ ಕಡತವಾಗಿಯೂ ಹೊರತೆಗೆಯಬಹುದು. ಫೋನೂ ಕಂಪ್ಯೂಟರೂ ಒಂದೇ ವೈಫೈನಲ್ಲಿದ್ದರೆ ಕಂಪ್ಯೂಟರಿನ ಬ್ರೌಸರ್‌ನಲ್ಲೇ ಲೆಕ್ಕವನ್ನು ತೆರೆದು ತಿದ್ದಬಹುದು. ಪ್ರತಿ ವರ್ಷ ಮಾರ್ಚ್ ಮುಗಿದ ಮೇಲೆ ನಾವಿಬ್ಬರೂ ಹೀಗೆ ದೊಡ್ಡ ಪರದೆಯಲ್ಲಿ ಇಡೀ ವರ್ಷವನ್ನು ತಿರುವಿ ನೋಡಿ, ಮುಂದಿನ ವರ್ಷದ ಮೀಸಲನ್ನು ಗೊತ್ತುಮಾಡಿ, ಆ ಎಕ್ಸೆಲ್ ಕಡತವನ್ನು ಆದಾಯ ತೆರಿಗೆಯ ಕಾಗದಗಳ ಜೊತೆಗೆ ಸೇರಿಸಿಡುತ್ತೇವೆ.