ಬಾರ್ಬಡೋಸ್‌ಗೆ ಹೊರಟಿದ್ದೀರಾ? ಕೆಂಪು ಪಟ್ಟೆ ಬಳಿದ ಮರದ ಕೆಳಗೆ ನಿಲ್ಲಬೇಡಿ

ಮಳೆ ಬಂದದ್ದು ಹತ್ತೇ ನಿಮಿಷ. ಬಾರ್ಬಡೋಸ್‌ನ ಪಶ್ಚಿಮ ದಂಡೆಯ ಬೀಚಿನಲ್ಲಿದ್ದ ಕುಟುಂಬವೊಂದು ಮಕ್ಕಳನ್ನು ಎಳೆದುಕೊಂಡು ಹತ್ತಿರದ ಮರದಡಿಗೆ ಓಡಿತು. ಅಮೆರಿಕದಿಂದ ರಜೆಗೆ ಬಂದ ಕನ್ನಡದವರು, ದೊಡ್ಡವರು ಐವರು, ಮಕ್ಕಳಿಬ್ಬರು. ಒಳ್ಳೆ ದಟ್ಟ ನೆರಳಿನ ಮರ, ಹೊಳೆಯುವ ಎಲೆ. ಬುಡದಲ್ಲಿ ಪುಟ್ಟ ಸೇಬಿನಂಥ ಹಸಿರು ಹಣ್ಣುಗಳು ಉದುರಿದ್ದವು. ಕಾಂಡದ ಸುತ್ತ ಎದೆಮಟ್ಟಕ್ಕೆ ಒಂದು ಕೆಂಪು ಪಟ್ಟೆ. ನಮ್ಮೂರಲ್ಲಿ ಹೆದ್ದಾರಿ ಬದಿಯ ಮರಗಳಿಗೆ ಬಿಳಿ, ಕೆಂಪು ಬಳಿದಿರುತ್ತಾರಲ್ಲ, ಅಂಥದ್ದೇ ಇರಬೇಕು ಅಂದುಕೊಂಡರು.

ಮಳೆ ನಿಂತು ಹೋಟೆಲ್ ಸೇರುವ ಹೊತ್ತಿಗೆ ಹುಡುಗನ ಹೆಗಲು, ಕುತ್ತಿಗೆಯ ಹಿಂಭಾಗ ಉರಿಯತೊಡಗಿತ್ತು. ಬಿಸಿಲಿಗೆ ಸುಟ್ಟಿದೆ ಎಂದು ಕ್ರೀಮು ಹಚ್ಚಿದರು. ರಾತ್ರಿಗೆ ಗುಳ್ಳೆಗಳೆದ್ದವು. ಎಲೆಯಿಂದ ನೀರು ಇಳಿದ ದಾರಿ ಬೆನ್ನ ಮೇಲೆ ಗೆರೆ ಎಳೆದಂತೆ ಕಾಣುತ್ತಿತ್ತು. ಅವನಮ್ಮ ಒದ್ದೆ ಕೈಯಲ್ಲಿ ಕಣ್ಣು ಉಜ್ಜಿಕೊಂಡಿದ್ದರು, ಬೆಳಗಾದರೆ ಎರಡೂ ಕಣ್ಣು ತೆರೆಯಲಾಗದಂತೆ ಬಾತಿದ್ದವು. ಏಳು ದಿನದ ಪ್ರವಾಸದಲ್ಲಿ ಮೂರು ದಿನ ಪರದೆ ಎಳೆದ ಕೋಣೆಯಲ್ಲೇ ಕಳೆಯಿತು.

ಆ ಮರದ ಹೆಸರು ಮ್ಯಾಂಚಿನೀಲ್. ನಮ್ಮ ಕಳ್ಳಿಯ ಕುಟುಂಬಕ್ಕೇ ಸೇರಿದ್ದು. ಕಳ್ಳಿಹಾಲು ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ಇದರ ಹಾಲು ಅದಕ್ಕಿಂತಲೂ ಕ್ರೂರ. ಎಲೆ, ತೊಗಟೆ, ಹಣ್ಣು ಎಲ್ಲದರಲ್ಲೂ ಅದು ಇದೆ, ಮಳೆನೀರಿನ ಜತೆ ಬೆರೆತು ಕೆಳಗಿದ್ದವರ ಮೇಲೆ ತೊಟ್ಟಿಕ್ಕುತ್ತದೆ. ಬಿಸಿಲಿನಲ್ಲಿ ನೆರಳಿಗೆ ಕೂತವರಿಗಿಂತ ಮಳೆಗೆ ಆಸರೆ ಹುಡುಕಿದವರೇ ಹೆಚ್ಚು ಸುಟ್ಟುಕೊಳ್ಳುವುದು ಇದಕ್ಕೇ. ಕಟ್ಟಿಗೆ ಸುಟ್ಟರೆ ಹೊಗೆಯೂ ಕಣ್ಣಿಗೆ ಕೇಡು. ಹಣ್ಣಿಗೆ ಸ್ಪ್ಯಾನಿಷ್‌ನಲ್ಲಿ ಸಾವಿನ ಪುಟ್ಟ ಸೇಬು ಎಂದೇ ಹೆಸರು. 1999ರಲ್ಲಿ ಟೊಬ್ಯಾಗೊ ದ್ವೀಪದ ಬೀಚಿನಲ್ಲಿ ಇದನ್ನು ಕಚ್ಚಿ ನೋಡಿದ ಬ್ರಿಟನ್‌ನ ವೈದ್ಯೆಯೊಬ್ಬರು ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಮ್ಮ ಪಾಡು ಬರೆದರು: ಮೊದಲು ಸಿಹಿ, ಆಮೇಲೆ ಮೆಣಸಿನ ಖಾರ, ಆಮೇಲೆ ಗಂಟಲು ಬಿಗಿದು ಉಗುಳು ನುಂಗಲೂ ಕಷ್ಟ. ಕಡಿಮೆಯಾಗುವುದಕ್ಕೇ ಎಂಟು ಗಂಟೆ ಹಿಡಿಯಿತಂತೆ. ರುಚಿ ಸಿಹಿ ಎಂಬುದೇ ಮಕ್ಕಳಿರುವವರು ಹೆದರಬೇಕಾದ ಸಂಗತಿ.

ಗುರುತು ಹೀಗೆ: ಎಲೆ ಉದ್ದುದ್ದ, ಅಂಚಿನಲ್ಲಿ ಸಣ್ಣ ಹಲ್ಲು, ಮೇಲೆ ಎಣ್ಣೆ ಸವರಿದ ಹೊಳಪು. ಅದರ ಪಕ್ಕದಲ್ಲೇ ಬೆಳೆಯುವ ಸೀ ಗ್ರೇಪ್ ಮರದ ಎಲೆ ತಟ್ಟೆಯಂತೆ ದುಂಡಗೆ, ದಪ್ಪಗೆ, ನರ ಕೆಂಪಗೆ. ಅದರಡಿ ನಿಶ್ಚಿಂತೆಯಿಂದ ಕೂರಬಹುದು. ಕೆಂಪು ಪಟ್ಟೆಯೋ ಎಚ್ಚರಿಕೆ ಫಲಕವೋ ಇದ್ದರೆ ಅನುಮಾನವೇ ಬೇಡ. ಆದರೆ ಜನ ಕಡಿಮೆ ಹೋಗುವ ಬೀಚುಗಳಲ್ಲಿ ಪಟ್ಟೆ ಮಾಸಿರುತ್ತದೆ, ಇಲ್ಲದೆಯೂ ಇರುತ್ತದೆ. ಹಾಲು ತಗುಲಿದರೆ ಉಜ್ಜಬೇಡಿ, ಬೀಚಿನ ಟವೆಲಿನಲ್ಲಿ ಒರೆಸಲೂ ಬೇಡಿ, ಹರಡುತ್ತದೆ. ಮೊದಲು ಧಾರಾಳ ನೀರು, ಆಮೇಲೆ ಸೋಪು. ತೊಟ್ಟ ಬಟ್ಟೆ ಬೇರೆಯಾಗಿ ಒಗೆಯಿರಿ. ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ನೀರು ಹಾಯಿಸಿ ನೇರ ವೈದ್ಯರ ಬಳಿ ಹೋಗಿ. ಆಂಬುಲೆನ್ಸ್‌ಗೆ 511, ಪೊಲೀಸರಿಗೆ 211. ಅಮೆರಿಕದ ಅಭ್ಯಾಸದಲ್ಲಿ 911 ಒತ್ತುತ್ತ ಕೂರಬೇಡಿ.

ಅದೇ ಕುಟುಂಬ ಅಂದು ಬೆಳಿಗ್ಗೆ ಹೋಗಿದ್ದದ್ದು ಪೂರ್ವ ದಂಡೆಯ ಬಾತ್‌ಶೀಬಾಗೆ. ಅಣಬೆಯಂತೆ ಬುಡ ಸವೆದ ದೊಡ್ಡ ಬಂಡೆಗಳು, ಬಿಳಿ ನೊರೆ. ಫೋಟೋಗೆ ಅದಕ್ಕಿಂತ ಚೆಂದದ ಜಾಗ ಆ ದ್ವೀಪದಲ್ಲಿಲ್ಲ, ಈಜಲು ಅದಕ್ಕಿಂತ ಕೆಟ್ಟ ಜಾಗವೂ ಕಡಿಮೆ. ದ್ವೀಪ ಉದ್ದಕ್ಕೆ ಸುಮಾರು 34 ಕಿಲೋಮೀಟರ್, ಅಗಲಕ್ಕೆ 23. ಅಷ್ಟರಲ್ಲೇ ಎರಡು ಬೇರೆ ಬೇರೆ ಕಡಲಿವೆ. ಪಶ್ಚಿಮಕ್ಕೆ ಕೆರೆಯಂತೆ ಮಲಗಿದ ಕೆರಿಬಿಯನ್, ಪೂರ್ವಕ್ಕೆ ಆಫ್ರಿಕಾದವರೆಗೂ ಅಡ್ಡ ಏನೂ ಇಲ್ಲದ ಅಟ್ಲಾಂಟಿಕ್. ಬಾತ್‌ಶೀಬಾದ ಸೂಪ್ ಬೌಲ್ ಎಂಬ ಅಲೆಗೆ ಪರದೇಶಗಳಿಂದ ಸರ್ಫರ್‌ಗಳು ಬರುತ್ತಾರೆ, ಅವರು ನೀರಿಗಿಳಿದಿದ್ದಾರೆಂದರೆ ನಿಮಗೂ ಸುರಕ್ಷಿತ ಎಂದಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಯಜಮಾನರ ಕಾಲಡಿಯ ಮರಳನ್ನು ಹಿಂದಿರುಗುವ ಅಲೆ ಎಳೆದುಕೊಂಡಿತು, ಬಿದ್ದರು, ಬಂಡೆಗೆ ಉಜ್ಜಿ ಮೊಣಕೈ ಸುಲಿಯಿತು. ಅಷ್ಟಕ್ಕೇ ಮುಗಿದದ್ದು ಅವರ ಪುಣ್ಯ. ನೀರು ಮುಟ್ಟಲೇಬೇಕೆಂದರೆ ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ತೊಟ್ಟಿಯಂತೆ ನಿಲ್ಲುವ ನೀರಿನಲ್ಲಿ ಕೂತು ಬನ್ನಿ.

ಆಗ್ನೇಯದ ಕ್ರೇನ್ ಬೀಚ್, ಬಾಟಮ್ ಬೇ ಇನ್ನೊಂದು ಬಗೆ. ಗುಲಾಬಿ ಛಾಯೆಯ ಮರಳು, ತೆಂಗು, ನೀಲಿ ನೀರು, ನೋಡಿದರೆ ಇಳಿಯೋಣ ಅನ್ನಿಸುವಂಥದ್ದೇ. ಆದರೆ ದಂಡೆಗೆ ಬಂದು ತುಂಬಿದ ನೀರು ಮರಳದಿಬ್ಬದ ನಡುವೆ ಸಿಕ್ಕ ಸಂದಿಯಿಂದ ಹೊಳೆಯಂತೆ ವಾಪಸು ಹರಿಯುತ್ತದೆ. ಗೋಕರ್ಣ, ಮುರುಡೇಶ್ವರದ ಕಡೆ ಪ್ರವಾಸಿಗರನ್ನು ಒಳಗೆಳೆಯುವ ಸೆಳವು ಇದೇ ಜಾತಿಯದ್ದು. ಎರಡೂ ಪಕ್ಕ ನೊರೆಯೆದ್ದು ಮಧ್ಯದಲ್ಲಿ ಮಾತ್ರ ನೀರು ಸುಮ್ಮನಿದ್ದರೆ ಅದು ಶಾಂತ ಜಾಗವಲ್ಲ, ಸೆಳವಿನ ಬಾಯಿ. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡಬೇಡಿ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳವು ಬಿಟ್ಟ ಮೇಲೆ ಒಳಗೆ ಬನ್ನಿ. ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗೆ ಇಳಿಯುವಂತಿಲ್ಲ. ಬಾವುಟವೇ ಇಲ್ಲದ ಕಡೆ ಲೈಫ್‌ಗಾರ್ಡ್ ಇಲ್ಲ ಎಂದರ್ಥ, ಅಪಾಯವಿಲ್ಲ ಎಂದಲ್ಲ.

ಮಕ್ಕಳ ಜತೆ ಈಜಲು ರಾಜಧಾನಿ ಬ್ರಿಡ್ಜ್‌ಟೌನ್ ಪಕ್ಕದ ಕಾರ್ಲೈಲ್ ಬೇ, ಪಶ್ಚಿಮದ ಪೇನ್ಸ್ ಬೇ, ಮಲ್ಲಿನ್ಸ್, ದಕ್ಷಿಣದಲ್ಲಿ ಓಯ್‌ಸ್ಟಿನ್ಸ್ ಹತ್ತಿರದ ಮಯಾಮಿ ಬೀಚ್ ಸಾಕು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಉತ್ತರದಿಂದ ದೊಡ್ಡ ಅಲೆ ಬಂದ ದಿನ ಪಶ್ಚಿಮವೂ ಕೆರಳುತ್ತದೆ, ಅಂಥ ದಿನ ದಕ್ಷಿಣಕ್ಕೆ ಹೋಗಿ.

ವಸಂತದಿಂದ ಆಗಸ್ಟ್‌ವರೆಗೆ ಬರುವವರು ಸರ್ಗಾಸಮ್ ಎಂಬ ಕಂದು ಪಾಚಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2011ರಿಂದ ಇದು ಕೆರಿಬಿಯನ್‌ಗೆ ರಾಶಿ ರಾಶಿಯಾಗಿ ತೇಲಿ ಬರುತ್ತಿದೆ. ಪೂರ್ವ, ಆಗ್ನೇಯ ದಂಡೆಯಲ್ಲಿ ಬಿದ್ದು ಕೊಳೆತರೆ ಕೊಳೆತ ಮೊಟ್ಟೆಯ ನಾತ. ಅದು ಹೈಡ್ರೋಜನ್ ಸಲ್ಫೈಡ್, ಬೆಳ್ಳಿಯ ಕಾಲ್ಗೆಜ್ಜೆ ಕಪ್ಪಾಗುತ್ತದೆ, ಉಬ್ಬಸವಿದ್ದವರಿಗೆ ಕೆಮ್ಮು ಬರುತ್ತದೆ. ಸಮುದ್ರಮುಖಿ ಕೋಣೆಗೆ ಹೆಚ್ಚು ದುಡ್ಡು ಕೊಡುವ ಮುಂಚೆ ಹೋಟೆಲ್ ಯಾವ ದಂಡೆಯಲ್ಲಿದೆ ನೋಡಿ, ಈ ವಾರದ ಫೋಟೋ ಕಳಿಸಿ ಅಂತ ಕೇಳಿ.

ಇನ್ನು ದುಡ್ಡು. ಬಾರ್ಬಡೋಸ್‌ಗೆ ಅದರದೇ ಡಾಲರ್ ಇದೆ. 1975ರಿಂದ ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕನ್ ಡಾಲರ್ ಎಂದು ದರ ಕಟ್ಟಿಟ್ಟಿದ್ದಾರೆ. ಎರಡಕ್ಕೂ ಚಿಹ್ನೆ ಒಂದೇ, ಬಾಯಿಮಾತಿನಲ್ಲೂ ಎರಡೂ ಡಾಲರೇ. ಬೀಚಿನಲ್ಲಿ ಎರಡು ಕುರ್ಚಿ, ಒಂದು ಛತ್ರಿಗೆ "ಫಾರ್ಟಿ ಡಾಲರ್ಸ್" ಅಂದಾಗ ಆ ಕುಟುಂಬದವರು ಅಮೆರಿಕದ ಇಪ್ಪತ್ತರ ಎರಡು ನೋಟು ಎಣಿಸಿಕೊಟ್ಟರು. ಕೊಡಬೇಕಿದ್ದದ್ದು ಒಂದೇ ನೋಟು. ಕುರ್ಚಿಯವನು ಸುಳ್ಳಾಡಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. "ಬೇಜನ್ ಆರ್ ಯುಎಸ್?" ಎಂಬ ಮೂರು ಪದ ಕೇಳದೆ ಪರ್ಸು ತೆಗೆಯಬೇಡಿ, ಬೇಜನ್ ಅಂದರೆ ಬಾರ್ಬಡೋಸ್‌ನದು. ಅಮೆರಿಕದ ನೋಟು ಕೊಟ್ಟರೂ ಚಿಲ್ಲರೆ ಬರುವುದು ಬೇಜನ್ ಡಾಲರಿನಲ್ಲೇ. ಅದನ್ನು ಹೊರಗೆ ಬದಲಾಯಿಸಿಕೊಳ್ಳುವುದು ಕಷ್ಟ, ಅಲ್ಲೇ ಖರ್ಚು ಮಾಡಿ ಬನ್ನಿ.

ರೆಸ್ಟೋರೆಂಟಿನಲ್ಲಿ ಹೊಡೆತ ಬೇರೆ ಥರ. ಮೆನುವಿನ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಎರಡು ಸಾಲು ಇರುತ್ತದೆ: 17.5 ಶೇಕಡಾ ವ್ಯಾಟ್ ಸೇರಿದೆಯೋ ಇಲ್ಲವೋ, ಸರ್ವಿಸ್ ಚಾರ್ಜ್ ಎಷ್ಟು. ಸಾಮಾನ್ಯವಾಗಿ ಸರ್ವಿಸ್ 10 ಶೇಕಡಾ. ಆ ಕುಟುಂಬದ ಒಂದು ರಾತ್ರಿಯ ಬಿಲ್ಲು 640 ಬೇಜನ್ ಡಾಲರ್, ಸರ್ವಿಸ್ 64, ಒಟ್ಟು 704. ಅಂದರೆ 352 ಅಮೆರಿಕನ್. ಕಾರ್ಡ್ ಯಂತ್ರ ಟಿಪ್ ಕೇಳಿತು, ಅಭ್ಯಾಸಬಲದಿಂದ 20 ಶೇಕಡಾ ಒತ್ತಿದರು, ಇನ್ನೂ 140.80 ಹೋಯಿತು. ಸೇವೆಗೆ ಎರಡು ಸಲ ಕೊಟ್ಟಂತಾಯಿತು. ಬಡಿಸುವ ಹುಡುಗರು ಚೆನ್ನಾಗಿ ನೋಡಿಕೊಂಡರೆ ಕೈಯಲ್ಲಿ ಹತ್ತು ಇಪ್ಪತ್ತು ಕೊಡಿ, ಬೇಡ ಎನ್ನುವುದಿಲ್ಲ. ಯಂತ್ರ ಯಾವ ಹಣದಲ್ಲಿ ಎಂದು ಕೇಳಿದರೆ ಬಾರ್ಬಡೋಸ್ ಡಾಲರ್ ಅನ್ನಿ. ಅಮೆರಿಕನ್ ಎಂದು ಒತ್ತಿದರೆ ಅವರಿಗೆ ಬೇಕಾದ ದರ ಬೀಳುತ್ತದೆ.

ಊಟ ಸಿಗದ ಸಸ್ಯಾಹಾರಿಗಳಿಗಿಂತ ಗೊತ್ತಿಲ್ಲದೆ ಮಾಂಸ ತಿಂದ ಸಸ್ಯಾಹಾರಿಗಳು ಈ ದ್ವೀಪದಲ್ಲಿ ಹೆಚ್ಚು. ರೈಸ್ ಆ್ಯಂಡ್ ಪೀಸ್ ಎಂಬುದು ಅನ್ನ ಮತ್ತು ತೊಗರಿಕಾಳು, ನಮ್ಮದೇ ಕಾಳು, ನಂಬಿಕೆ ಬರುವಂಥದ್ದೇ. ಆದರೆ ರುಚಿಗೆಂದು ಉಪ್ಪು ಹಾಕಿಟ್ಟ ಹಂದಿಬಾಲದ ತುಂಡನ್ನು ಅದರಲ್ಲೇ ಬೇಯಿಸಿ ಬಡಿಸುವಾಗ ತೆಗೆದಿಡುವವರಿದ್ದಾರೆ, ತಟ್ಟೆಯಲ್ಲಿ ಸುಳಿವೇ ಸಿಗುವುದಿಲ್ಲ. ಮೇಲೆ ಸುರಿಯುವ ಕಂದು ಗ್ರೇವಿ ಪಕ್ಕದ ಮಾಂಸದ ಪಾತ್ರೆಯದು. ಬೋಂಡದಂತೆ ಕೆಂಪಗೆ ಕರಿದ ಉಂಡೆ ಫಿಶ್ ಕೇಕ್, ಒಳಗೆ ಉಪ್ಪು ಮೀನು. ಆ ಬಾಣಲೆಯ ಎಣ್ಣೆಯಲ್ಲೇ ಬಾಳೆಹಣ್ಣೂ ಕರಿಯುತ್ತಾರೆ. ಶನಿವಾರದ ಪುಡಿಂಗ್ ಆ್ಯಂಡ್ ಸೌಸ್ ನೋಡಿ "ಮಕ್ಕಳಿಗೆ ಪುಡಿಂಗ್ ಇರಲಿ" ಎಂದವರಿದ್ದಾರೆ. ಸೌಸ್ ಅಂದರೆ ನಿಂಬೆರಸದಲ್ಲಿ ನೆನೆಸಿದ ಹಂದಿಮಾಂಸ. ಪುಡಿಂಗ್ ಅಂದರೆ ಮಸಾಲೆ ಬೆರೆಸಿ ಬೇಯಿಸಿದ ಸಿಹಿಗೆಣಸು, ಹಳೇ ಪದ್ಧತಿಯಲ್ಲಿ ಅದನ್ನು ತುಂಬುವುದು ಹಂದಿಯ ಕರುಳಿಗೆ. ಮೀನು ತಿನ್ನುವವರಿಗೂ ಒಂದು ಮಾತು: ಡಾಲ್ಫಿನ್ ಎಂದು ಬರೆದದ್ದು ಮಾಹಿ ಮಾಹಿ ಮೀನು, ಸೀ ಕ್ಯಾಟ್ ಎಂದರೆ ಆಕ್ಟೋಪಸ್.

ವೆಜಿಟೇರಿಯನ್ ಎಂಬ ಒಂದೇ ಪದದಿಂದ ಕೆಲಸವಾಗದು. ಮೀಟ್, ಚಿಕನ್, ಫಿಶ್, ಸಾಲ್ಟ್ ಮೀಟ್, ಗ್ರೇವಿ ಐದನ್ನೂ ಹೆಸರು ಹಿಡಿದು ಬೇಡ ಅನ್ನಿ. ಹುಡುಕಿಕೊಂಡು ತಿನ್ನಬೇಕಾದದ್ದು ಜೀಗುಜ್ಜೆ. ಮಂಗಳೂರು ಕಡೆಯವರು ಪೋಡಿ ಮಾಡುವ ಅದೇ ಜೀಗುಜ್ಜೆಯನ್ನು ಅಲ್ಲಿ ಬೇಯಿಸಿ ನಿಂಬೆ, ಸೌತೆ, ಈರುಳ್ಳಿ, ಮೆಣಸು ಹಾಕಿ ಕೊಡುತ್ತಾರೆ. ಕೂಕೂ ಎಂಬುದು ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ಚಪ್ಪಟೆ ಕೋಲಿನಲ್ಲಿ ತೊಳಸಿದ ಮುದ್ದೆ. ಹಾರುವ ಮೀನಿನ ಸಾರಿನ ಜತೆ ಅದೇ ಅವರ ರಾಷ್ಟ್ರೀಯ ಊಟ, ಸಾರು ಬಿಟ್ಟು ಬರಿ ಮುದ್ದೆ ಕೇಳಬಹುದು. ರೋಟಿ ಅಂಗಡಿಗಳಲ್ಲಿ ಆಲೂಗಡ್ಡೆ, ಕಡಲೆಯ ರೋಟಿ ಸಿಗುತ್ತದೆ. ರಾಸ್ತಾಫೇರಿಯನ್ ಎಂಬ ಧಾರ್ಮಿಕ ಪಂಥದವರ ಐಟಲ್ ಅಡುಗೆ, ಅಂದರೆ ಮಾಂಸ ಬಳಸದ ಅಡುಗೆ, ನಮ್ಮವರಿಗೆ ಅತಿ ನೆಚ್ಚಿಗೆಯದು, ಉಪ್ಪು ಕಡಿಮೆ, ಅಷ್ಟೇ. ಹಳದಿ ಪೆಪ್ಪರ್ ಸಾಸ್ ಬರಿ ಸಾಸಿವೆಯೆಂದು ತಿಳಿದು ಚಮಚಗಟ್ಟಲೆ ಹಾಕಿಕೊಳ್ಳಬೇಡಿ, ಅದರಲ್ಲಿ ಸ್ಕಾಚ್ ಬಾನೆಟ್ ಎಂಬ ಭಾರೀ ಖಾರದ ಮೆಣಸೂ ಇರುತ್ತದೆ.

ಟ್ಯಾಕ್ಸಿಗೆ ಮೀಟರ್ ಇಲ್ಲ. ನಂಬರ್ ಪ್ಲೇಟು ಝಡ್ ಇಂದ ಶುರುವಾದರೆ ಟ್ಯಾಕ್ಸಿ, ಝಡ್‌ಆರ್ ಆದರೆ ತಲೆಗೆ 3.50 ಬೇಜನ್ ಡಾಲರಿನ ವ್ಯಾನ್. ಬಾತ್‌ಶೀಬಾಗೆ ಟ್ಯಾಕ್ಸಿ ಹಿಡಿದರೆ ಹೋಗಿಬರುವ ದರ, ಕಾಯುವ ಗಂಟೆ ಎರಡನ್ನೂ ಹತ್ತುವ ಮುಂಚೆಯೇ ಮಾತಾಡಿ. ಸರ್ಕಾರಿ ಬಸ್ಸಿನಲ್ಲಿ ಚಿಲ್ಲರೆ ವಾಪಸು ಕೊಡುವುದಿಲ್ಲ. ಮಿಲಿಟರಿ ಚುಕ್ಕೆಯ ಬಟ್ಟೆ ಮಕ್ಕಳಿಗೂ ಅಲ್ಲಿ ಕಾನೂನುಬಾಹಿರ, ಚಡ್ಡಿ ಟೋಪಿ ಏನಿದ್ದರೂ ಮನೆಯಲ್ಲೇ ಬಿಡಿ. ಕೇಳದೆಯೇ ಬೆನ್ನಿಗೆ ಲೋಳೆಸರ ಹಚ್ಚಲು ಬರುವವರಿಗೆ ಮೊದಲೇ ನೋ ಥ್ಯಾಂಕ್ಸ್ ಹೇಳಿ, ಹಚ್ಚಿದ ಮೇಲೆ ಅದಕ್ಕೆ ಬೆಲೆ ಇದೆ.

ಕೊನೆಗೆ, ಎಲ್ಲಕ್ಕಿಂತ ದುಬಾರಿ ತಪ್ಪು. ಭಾರತದ ಪಾಸ್‌ಪೋರ್ಟಿಗೆ ಬಾರ್ಬಡೋಸ್ ವೀಸಾ ಬೇಡ ಎಂಬ ಮಾತು ಹೋಗುವುದಕ್ಕೆ, ಅಮೆರಿಕಕ್ಕೆ ಮರಳುವುದಕ್ಕಲ್ಲ. ಎಚ್-1ಬಿ ಎಂಬ ಕೆಲಸದ ವೀಸಾದವರ ಪಾಸ್‌ಪೋರ್ಟಿನಲ್ಲಿ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ, ಕೈಯಲ್ಲಿ ಹೊಸ ಐ-797 ಅನುಮೋದನೆ ಪತ್ರ ಇದ್ದರೂ ವಿಮಾನ ಹತ್ತಿಸುವುದಿಲ್ಲ. ಮೂವತ್ತು ದಿನದೊಳಗೆ ಹಳೇ ಮುದ್ರೆಯಲ್ಲೇ ಮರಳುವ ಸವಲತ್ತು ಅವರಿಗೆ ಕೆನಡಾ, ಮೆಕ್ಸಿಕೋಗೆ ಮಾತ್ರ. ಕೆರಿಬಿಯನ್ ದ್ವೀಪಗಳಿಗೂ ಅದು ಸಿಗುವುದು ಎಫ್ (ವಿದ್ಯಾರ್ಥಿ), ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ, ಕ್ಯೂಬಾ ಬಿಟ್ಟು. ಬ್ರಿಡ್ಜ್‌ಟೌನ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿ ಇದೆ ಎಂಬ ಧೈರ್ಯದ ಮೇಲೆ ಟಿಕೆಟ್ ಮಾಡಬೇಡಿ. ಮುದ್ರೆ ಮುಗಿದಿದ್ದೂ ಕಡಲು ನೋಡಲೇಬೇಕಿದ್ದರೆ ನೇರ ವಿಮಾನದಲ್ಲಿ ಪೋರ್ಟೊ ರಿಕೊಗೆ ಹೋಗಿ, ಅದು ಅಮೆರಿಕದ್ದೇ ನೆಲ. ಮ್ಯಾಂಚಿನೀಲ್ ಅಲ್ಲೂ ಇದೆ.